ಹೊಸ ಲೈಸೆನ್ಸು, ಮೊದಲ ಕಾರು: ವಿಮೆಯ ಬಗ್ಗೆ ಕೊಡಗಿನ ಓದುಗರ ಪ್ರಶ್ನೆಗಳು

ಪ್ರಶ್ನೆ: ಮಗನಿಗೆ 19 ವರ್ಷ, ಹೋದ ತಿಂಗಳು ಲೈಸೆನ್ಸ್ ಬಂತು. 1,197 ಸಿಸಿಯ ಹೊಸ ಪೆಟ್ರೋಲ್ ಕಾರು ನೋಡಿದ್ದೇವೆ. ಇಂಗ್ಲೆಂಡಿನಲ್ಲಿ ಓದುತ್ತಿರುವ ಅಣ್ಣನ ಮಗ, ‘ಚಿಕ್ಕ ವಯಸ್ಸಿನವರಿಗೆ ವಿಮೆ ದುಬಾರಿ, ಕಾರಿನ ಬೆಲೆಗಿಂತ ವಿಮೆಯೇ ಜಾಸ್ತಿ ಆಗಬಹುದು’ ಅನ್ನುತ್ತಾನೆ. ಕಾರನ್ನು ನನ್ನ ಹೆಸರಿಗೆ ಮಾಡಿಸಿದರೆ ಉಳಿತಾಯ ಆಗುತ್ತದೆಯೇ?
– ವಿರಾಜಪೇಟೆ

ಉತ್ತರ: ಅಣ್ಣನ ಮಗ ಹೇಳಿದ್ದು ಅವನಿರುವ ದೇಶಕ್ಕೆ ಸರಿ. ಅಲ್ಲಿ ಪಾಲಿಸಿ ಬರೆಯುವುದೇ ಚಾಲಕನನ್ನು ನೋಡಿ. ವಯಸ್ಸೆಷ್ಟು, ಲೈಸೆನ್ಸ್ ಬಂದು ಎಷ್ಟು ದಿನ, ಯಾವ ಏರಿಯಾ, ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಮಗ ಓಡಿಸುವ ಕಾರಿಗೆ ಅಪ್ಪನೇ ಮುಖ್ಯ ಚಾಲಕ ಎಂದು ಬರೆಸುವುದು ಅಲ್ಲಿ ವಂಚನೆ.

ನಮ್ಮಲ್ಲಿ ವಿಮೆ ಅಂಟಿಕೊಂಡಿರುವುದು ಕಾರಿಗೆ. ಕ್ರಮಬದ್ಧ ಲೈಸೆನ್ಸ್ ಇರುವ ಯಾರಾದರೂ ಮಾಲೀಕರ ಒಪ್ಪಿಗೆಯಿಂದ ಓಡಿಸಬಹುದು. ಹಾಗಾಗಿ ನಿಮ್ಮ ಹೆಸರಿನ ಕಾರನ್ನು ಮಗ ದಿನಾ ಓಡಿಸಿದರೆ ಅದರಲ್ಲಿ ಮುಚ್ಚುಮರೆ ಏನೂ ಇಲ್ಲ.

ಪ್ರೀಮಿಯಂನಲ್ಲಿ ಎರಡು ತುಂಡು. ಮೊದಲನೆಯದು ಥರ್ಡ್ ಪಾರ್ಟಿ, ನಿಮ್ಮ ಕಾರಿನಿಂದ ಎದುರಿನವರಿಗೆ ಆಗುವ ನಷ್ಟಕ್ಕೆ. ಇದರ ದರ ಸರ್ಕಾರದ್ದು, ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ, ನೋಡುವುದು ಎಂಜಿನ್ ಸಿಸಿ ಮಾತ್ರ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಂತೆ ಖಾಸಗಿ ಕಾರಿಗೆ ವರ್ಷಕ್ಕೆ 1,000 ಸಿಸಿವರೆಗೆ 2,094 ರೂ., 1,500 ಸಿಸಿವರೆಗೆ 3,416 ರೂ., ಅದರ ಮೇಲೆ 7,897 ರೂ. ಹೊಸ ಕಾರಿಗೆ ಮೂರು ವರ್ಷದ್ದನ್ನು ಒಟ್ಟಿಗೇ ಕಟ್ಟಬೇಕು, ಅದಕ್ಕೆ ಪಟ್ಟಿಯಲ್ಲಿ ಬೇರೆಯೇ ದರ: ನಿಮ್ಮ ಕಾರಿಗೆ 10,640 ರೂ. ಯಾವ ಕಂಪನಿಗೆ ಹೋದರೂ ಇದರಲ್ಲಿ ಚೌಕಾಸಿ ನಡೆಯುವುದಿಲ್ಲ.

ಎರಡನೆಯದು ಸ್ವಂತ ಹಾನಿ, ಅಂದರೆ ನಿಮ್ಮ ಕಾರಿಗೇ ಆಗುವ ನಷ್ಟಕ್ಕೆ; ಏಜೆಂಟರ ಬಾಯಲ್ಲಿ ‘ಓಡಿ’. ಇದು ಕಾರಿನ ವಿಮಾ ಮೌಲ್ಯ, ಅಂದರೆ ಐಡಿವಿಯ ಮೇಲೆ ಶೇಕಡಾವಾರು. ಹಿಂದೆ ಎಲ್ಲ ಕಂಪನಿಗೂ ಒಂದೇ ಆಗಿದ್ದ ಹಳೆಯ ಟ್ಯಾರಿಫ್ ದರವನ್ನು ಬುಡಕ್ಕಿಟ್ಟು ಕಂಪನಿಗಳು ತಮ್ಮ ತಮ್ಮ ರಿಯಾಯಿತಿ ಕಳೆಯುತ್ತವೆ. 1,000ದಿಂದ 1,500 ಸಿಸಿ ನಡುವಿನ, ಐದು ವರ್ಷದೊಳಗಿನ ಕಾರಿಗೆ ಬೆಂಗಳೂರಿನಲ್ಲಿ ಆ ದರ ಶೇ 3.283, ನಮ್ಮ ಕೊಡಗಿನ ಕೆಎ 12 ನೋಂದಣಿಗೆ ಶೇ 3.191. ಕೊಡಗಿನಲ್ಲಿ ವಿಮೆ ಅಗ್ಗ ಅನ್ನುವವರು ಈ ವ್ಯತ್ಯಾಸವನ್ನೊಮ್ಮೆ ನೋಡಬೇಕು, 6 ಲಕ್ಷದ ಕಾರಿಗೆ 552 ರೂಪಾಯಿ ಅಷ್ಟೆ. ಓಡಿ ರಿಯಾಯಿತಿ ಕೊಡುವಾಗ ಮಾಲೀಕರ ವಯಸ್ಸನ್ನು ಕಂಪನಿ ಗಮನಿಸಬಹುದು. ಅದಕ್ಕೇ ಮೂರ್ನಾಲ್ಕು ಕಡೆ ಕೇಳಿ, ಶೋರೂಮಿನವರು ಕೊಟ್ಟ ಮೊದಲ ಚೀಟಿಗೆ ಸಹಿ ಹಾಕಬೇಡಿ.

ನಿಮ್ಮ ಹೆಸರಿಗೆ ಮಾಡಿಸುವುದರ ನಿಜವಾದ ಲಾಭ ಬೇರೆ ಇದೆ. ನೀವು ಹಳೆಯ ಕಾರು ಮಾರುತ್ತಿದ್ದು, ಅದರಲ್ಲಿ ಐದು ವರ್ಷ ಕ್ಲೇಮ್ ಮಾಡದೆ ಗಳಿಸಿದ ಶೇ 50 ನೋ ಕ್ಲೇಮ್ ಬೋನಸ್, ಅಂದರೆ ಓಡಿಯಲ್ಲಿ ಅರ್ಧ ರಿಯಾಯಿತಿ, ಇದ್ದರೆ, ಅದು ನಿಮ್ಮ ಸ್ವತ್ತು. ನಿಮ್ಮ ಹೊಸ ಕಾರಿಗೆ ಬರುತ್ತದೆ. 6 ಲಕ್ಷ ಐಡಿವಿಗೆ ಓಡಿ 19,146 ರೂ. ಕಂಪನಿ ಶೇ 40 ಬಿಟ್ಟರೆ 11,488. ಅದರ ಮೇಲೆ ನಿಮ್ಮ ಬೋನಸ್ ಕೂತರೆ 5,744. ಶೇ 18 ಜಿಎಸ್‌ಟಿ ಸೇರಿಸಿದರೆ ಉಳಿಯುವುದು ಸುಮಾರು 6,780 ರೂ. ಹಳೆಯ ವಿಮಾ ಕಂಪನಿಯಿಂದ ಬೋನಸ್ ಪತ್ರ ಬರೆಸಿಕೊಳ್ಳಿ, ಮೂರು ವರ್ಷ ನಡೆಯುತ್ತದೆ. ಮಗನ ಹೆಸರಿನ ಕಾರಿಗೆ ಈ ಬೋನಸ್ ಹೋಗುವುದಿಲ್ಲ. ವಾರಸುದಾರರಿಗೆ ಹೋಗುವುದು ಮಾಲೀಕರು ತೀರಿಕೊಂಡ ಮೇಲೆ.

ಒಂದು ತೊಡಕೂ ಇದೆ. 15 ಲಕ್ಷದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಇರುವುದು ‘ಮಾಲೀಕ-ಚಾಲಕ’ನಿಗೆ, ಅಂದರೆ ನಿಮಗೆ. ಸ್ಟಿಯರಿಂಗ್ ಹಿಡಿಯುವ ಮಗನಿಗೆ ಅದರಲ್ಲಿ ಏನೂ ಇಲ್ಲ. ಅವನ ಹೆಸರಿನಲ್ಲಿ ಬೇರೆಯೇ ಒಂದು ಅಪಘಾತ ವಿಮೆ ಮಾಡಿಸಿ.

ಪ್ರಶ್ನೆ: ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಕಾರು ತಂದೆ. ನನ್ನ ಮೊದಲ ಕಾರು. ‘ವಿಮೆ ಇನ್ನೂ ಆರು ತಿಂಗಳು ಇದೆ, ಶೇ 50 ಬೋನಸ್ ಸಮೇತ ನಿಮಗೇ’ ಎಂದು ಮಾರಿದವರು ಹೇಳಿದರು. ನಾನು ಏನಾದರೂ ಮಾಡಬೇಕೇ?
– ಗೋಣಿಕೊಪ್ಪ

ಉತ್ತರ: ಮಾಡಬೇಕು, ಅದೂ 14 ದಿನದೊಳಗೆ. ಮೋಟಾರು ವಾಹನ ಕಾಯ್ದೆಯ 157ನೇ ಕಲಮಿನಂತೆ ಥರ್ಡ್ ಪಾರ್ಟಿ ರಕ್ಷಣೆ ಕಾರಿನ ಜತೆಗೇ ನಿಮಗೆ ಬರುತ್ತದೆ. ಸ್ವಂತ ಹಾನಿಯ ಭಾಗ ಹಾಗೆ ತಾನಾಗಿ ಬರುವುದಿಲ್ಲ. ಪಾಲಿಸಿಯಲ್ಲಿ ನಿಮ್ಮ ಹೆಸರು ಇರಬೇಕು. ಆರ್‌ಸಿ ನಿಮ್ಮ ಹೆಸರಿಗೆ ಬಂದು, ಪಾಲಿಸಿ ಹಳಬರ ಹೆಸರಿನಲ್ಲೇ ಉಳಿದಿದ್ದಾಗ ಆನೆಚೌಕೂರು ದಾರಿಯಲ್ಲಿ ಕಾರು ಮರಕ್ಕೆ ಬಡಿಯಿತು ಅಂದುಕೊಳ್ಳಿ. ಹಳಬರಿಗೆ ಕಾರಿಲ್ಲ, ನಿಮಗೆ ಪಾಲಿಸಿ ಇಲ್ಲ. ಕಂಪನಿ ಇಬ್ಬರಿಗೂ ಕೊಡುವುದಿಲ್ಲ. ಹೊಸಬರ ಓಡಿ ಕ್ಲೇಮ್ ಹೀಗೂ ಬಿದ್ದುಹೋಗುತ್ತದೆ.

ಮಾರಿದವರ ಸಹಿ ಇರುವ, ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30, ಹಳೆಯ ಪಾಲಿಸಿ, ನಿಮ್ಮ ಗುರುತಿನ ದಾಖಲೆ ಇಟ್ಟು ವಿಮಾ ಕಂಪನಿಗೆ ಅರ್ಜಿ ಕೊಡಿ. ಆರ್‌ಸಿ ಕಾರ್ಡ್ ಕೈಗೆ ಬರಲಿ ಎಂದು ಕಾದು ಕೂರಬೇಡಿ; ಅರ್ಜಿಯ ಸ್ವೀಕೃತಿ ಮುಖ್ಯ. ಕಂಪನಿ ಕಾರಿನ ತಪಾಸಣೆ ಕೇಳಬಹುದು.

ಬೋನಸ್ ‘ನಿಮಗೇ’ ಅನ್ನುವುದು ಸುಳ್ಳು. ಅದು ಮಾರಿದವರದ್ದು, ಅವರ ಜತೆಗೇ ಹೋಗುತ್ತದೆ. ಬೋನಸ್ ಕಳೆಯುವ ಮುಂಚಿನ ಓಡಿ 8,000 ರೂ. ಇದ್ದು, ಶೇ 50 ಬಿಟ್ಟಿದ್ದರೆ, ಉಳಿದ ಆರು ತಿಂಗಳಿಗೆ 2,000 ರೂ. ಮತ್ತು ಜಿಎಸ್‌ಟಿ 360 ರೂ. ನೀವು ತುಂಬಬೇಕು. ಇದನ್ನು ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಅದೇ ನೆಪ ಆಗುತ್ತದೆ.

ಪ್ರಶ್ನೆ: ಮಗಳಿಗೆ 17. ತೋಟದೊಳಗಿನ ರಸ್ತೆಯಲ್ಲಿ ಕಾರು ಕಲಿಯುತ್ತಿದ್ದಾಳೆ. ಖಾಸಗಿ ಜಾಗ ಆದ್ದರಿಂದ ಲೈಸೆನ್ಸ್ ಬೇಡವಲ್ಲ?
– ಸುಂಟಿಕೊಪ್ಪ

ಉತ್ತರ: ಪೊಲೀಸರು ತೋಟದೊಳಗೆ ಬಂದು ಹಿಡಿಯಲಿಕ್ಕಿಲ್ಲ. ಆದರೆ ಪಾಲಿಸಿಯ ಚಾಲಕರ ಷರತ್ತು ರಸ್ತೆ ಯಾರದ್ದು ಎಂದು ಕೇಳುವುದಿಲ್ಲ, ಅಪಘಾತದ ಹೊತ್ತಿಗೆ ಲೈಸೆನ್ಸ್ ಇತ್ತೇ ಎಂದು ಕೇಳುತ್ತದೆ. ಕಣದ ಕಟ್ಟೆಗೆ ಗುದ್ದಿದರೆ ರಿಪೇರಿ ಖರ್ಚು ನಿಮ್ಮದೇ. ತೋಟದ ಕಾರ್ಮಿಕರ ಲೈನ್‌ಮನೆಯ ಮಗುವೊಂದಕ್ಕೆ ತಾಗಿದರೆ ಆಗುವ ಅನಾಹುತವೇ ಬೇರೆ. ಗೇಟು ದಾಟಿ ಸಾರ್ವಜನಿಕ ರಸ್ತೆಗೆ ಬಂದು ಅಪರಾಧ ನಡೆದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಮು: ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂ. ದಂಡ, 12 ತಿಂಗಳು ನೋಂದಣಿ ರದ್ದು, ಮಗಳಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

18 ತುಂಬಿದ ದಿನ ಎಲ್‌ಎಲ್‌ಗೆ (ಕಲಿಯುವವರ ಲೈಸೆನ್ಸ್‌ಗೆ) ಅರ್ಜಿ ಹಾಕಿ. ಎಲ್‌ಎಲ್ ಇದ್ದವರಿಗೂ ವಿಮೆ ನಡೆಯುತ್ತದೆ, ಆದರೆ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕಾರು ನಿಲ್ಲಿಸಲು ಕೈಗೆಟಕುವಂತೆ ಕೂತಿರಬೇಕು, ಹಿಂದೆ ಮುಂದೆ 18 ಸೆಂ.ಮೀ. ಚೌಕದ ಬಿಳಿ ಹಲಗೆಯಲ್ಲಿ ಕೆಂಪು ‘ಎಲ್’ ಇರಬೇಕು. ಹಿಂದಿನ ಸೀಟಿನಲ್ಲಿ ಕೂತ ಅಜ್ಜ ಲೆಕ್ಕಕ್ಕಿಲ್ಲ.

ಪ್ರಶ್ನೆ: 12 ವರ್ಷ ಹಳೆಯ ಕಾರು 60,000 ರೂಪಾಯಿಗೆ ಸಿಕ್ಕಿತು. ಥರ್ಡ್ ಪಾರ್ಟಿ ಮಾತ್ರ ಸಾಕೇ? ನಮ್ಮ ಕಡೆ ಆನೆ, ಮರ, ನೀರು ಮೂರೂ ಇದೆ.
– ಸಿದ್ದಾಪುರ

ಉತ್ತರ: ಹಣದ ಲೆಕ್ಕದಲ್ಲಿ ಅಷ್ಟು ಹಳೆಯ ಕಾರಿಗೆ ಥರ್ಡ್ ಪಾರ್ಟಿ ಮಾತ್ರ ಮಾಡಿಸುವುದು ತಪ್ಪಲ್ಲ. 10 ವರ್ಷ ದಾಟಿದ ಕಾರಿನ ಲೋಹದ ಭಾಗಕ್ಕೆ ಕ್ಲೇಮ್‌ನಲ್ಲಿ ಅರ್ಧದಷ್ಟು ಸವಕಳಿ ಕಳೆಯುತ್ತಾರೆ, ಪ್ಲಾಸ್ಟಿಕ್ ಮತ್ತು ರಬ್ಬರಿಗೂ ಅರ್ಧ. ಕೈಗೆ ಬರುವುದು ಅಷ್ಟಕ್ಕಷ್ಟೆ. ಆದರೆ ಥರ್ಡ್ ಪಾರ್ಟಿ ಅಂದರೆ ಎದುರಿನವರಿಗೆ ಆದ ನಷ್ಟಕ್ಕೆ ಮಾತ್ರ. ಆನೆ ಬಾನೆಟ್ಟಿನ ಮೇಲೆ ಕಾಲಿಟ್ಟರೂ, ಸಿಲ್ವರ್ ಓಕ್ ಕೊಂಬೆ ಮುರಿದು ಬಿದ್ದರೂ, ಕರಡಿಗೋಡಿನಲ್ಲಿ ಕಾವೇರಿ ನೀರು ನುಗ್ಗಿದರೂ ಒಂದು ಪೈಸೆ ಬರುವುದಿಲ್ಲ. ಇನ್ನೊಂದು, ಹೊಸ ಹುಡುಗರು ಗೆಳೆಯರನ್ನು ತುಂಬಿಕೊಂಡು ಹೋಗುವುದು ಸಾಮಾನ್ಯ. ಖಾಸಗಿ ಕಾರಿನೊಳಗೆ ಕೂತವರಿಗೆ, ಥರ್ಡ್ ಪಾರ್ಟಿಯೂ ಓಡಿಯೂ ಸೇರಿದ ಪ್ಯಾಕೇಜ್ ಪಾಲಿಸಿಯಲ್ಲಿ ರಕ್ಷಣೆ ಇದೆ, ಬರೀ ಥರ್ಡ್ ಪಾರ್ಟಿಯಲ್ಲಿ ಇಲ್ಲ. ನಮ್ಮ ಪ್ರಕಾರ ಪ್ಯಾಕೇಜ್ ಮಾಡಿಸಲು ಆನೆಗಿಂತ ಇದೇ ದೊಡ್ಡ ಕಾರಣ.

ಪ್ಯಾಕೇಜ್ ಇದ್ದರೆ ನೆರೆ, ಬಿರುಗಾಳಿ, ಭೂಕುಸಿತ ಪಾಲಿಸಿಯಲ್ಲಿ ಹೆಸರಿಸಿದ ಅಪಾಯಗಳೇ; 2018ರ ಆಗಸ್ಟ್ ಕಂಡವರಿಗೆ ಇದರ ಬೆಲೆ ಗೊತ್ತು. ಆನೆ ದಾಳಿ ‘ಬಾಹ್ಯ ಆಕಸ್ಮಿಕ ಕಾರಣ’ದ ಅಡಿ ಬರುತ್ತದೆ. ಮೊದಲು ಜೀವ ಉಳಿಸಿಕೊಳ್ಳಿ. ಆನೆ ದೂರ ಹೋದ ಮೇಲೆ ಕಾರು ಇದ್ದ ಜಾಗದಲ್ಲೇ, ನಂಬರ್ ಪ್ಲೇಟ್ ಕಾಣುವಂತೆ ಫೋಟೊ ತೆಗೆಯಿರಿ. ಹೆಜ್ಜೆಗುರುತು, ಲದ್ದಿ ಇದ್ದರೆ ಅದರದ್ದೂ ಇರಲಿ. ಅರಣ್ಯ ಇಲಾಖೆಯ ವಲಯ ಕಚೇರಿಗೂ ಪೊಲೀಸ್ ಠಾಣೆಗೂ ಲಿಖಿತವಾಗಿ ತಿಳಿಸಿ, ಅದೇ ದಿನ ಕಂಪನಿಗೆ ಫೋನ್ ಮಾಡಿ. ಹಾನಿ ಅಳೆಯಲು ಬರುವ ಸರ್ವೇಯರ್ ನೋಡುವ ಮುಂಚೆ ಗ್ಯಾರೇಜಿನಲ್ಲಿ ಏನನ್ನೂ ಬಿಚ್ಚಿಸಬೇಡಿ.

ನೀರಿನ ವಿಷಯ ಸೂಕ್ಷ್ಮ. ನಿಂತ ನೀರಿನಲ್ಲಿ ಕಾರು ಆಫ್ ಆದಾಗ ಎಲ್ಲರ ಕೈಯೂ ಕೀಲಿಗೇ ಹೋಗುತ್ತದೆ. ಏರ್ ಫಿಲ್ಟರ್ ದಾರಿಯಾಗಿ ಸಿಲಿಂಡರಿಗೆ ನೀರು ಹೋಗಿದ್ದರೆ, ನೀರು ಗಾಳಿಯಂತೆ ಒತ್ತಿದಷ್ಟು ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬಂದಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕಂಪನಿ ಇದನ್ನು ‘ನೀವು ಆಮೇಲೆ ಮಾಡಿದ ಹಾನಿ’ ಎಂದು ತಳ್ಳಿಹಾಕುತ್ತದೆ. ಕೀಲಿ ಮುಟ್ಟಬೇಡಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಎಳೆಸಿಕೊಂಡು ಹೋಗಿ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಇಂಥದ್ದಕ್ಕೇ ಇರುವುದು, ಆದರೆ ನಿಮ್ಮ 12 ವರ್ಷದ ಕಾರಿಗೆ ಸಿಗುವುದು ಕಷ್ಟ. ಹೊಳೆಬದಿಯಲ್ಲಿ ಮನೆ ಇರುವ, ಹೊಸ ಕಾರಿನವರು ಅದನ್ನು ಬಿಡಬೇಡಿ.

ಪ್ರಶ್ನೆ: ಕಾರಿನಲ್ಲಿ ನಾಲ್ಕು ಚೀಲ ಕಾಫಿ ಹಾಕಿಕೊಂಡು ಹೋದರೆ, ಹೋಂಸ್ಟೇ ಅತಿಥಿಗಳನ್ನು ಕುಶಾಲನಗರದಿಂದ ಕರೆತಂದರೆ ವಿಮೆಗೆ ತೊಂದರೆಯೇ?
– ಮೂರ್ನಾಡು

ಉತ್ತರ: ಎರಡಕ್ಕೂ ತೊಂದರೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಸಾಲು ಇದೆ, ಬಾಡಿಗೆಗೆ ಓಡಿಸುವುದನ್ನೂ ಸರಕು ಸಾಗಣೆಯನ್ನೂ ಅದು ಹೊರಗಿಡುತ್ತದೆ. ಸ್ಯಾಂಪಲ್ ಕಾಫಿ, ಸ್ವಂತ ಲಗೇಜು ಆಗಬಹುದು. ಮಾರಲು ಹೊರಟ ಚೀಲಗಳಿಗೆ ಹಳದಿ ಬೋರ್ಡ್ ಪಿಕಪ್ ಹಿಡಿಯಿರಿ. ಅತಿಥಿಗಳಿಂದ ಪಿಕಪ್ ಚಾರ್ಜ್ ಎಂದು ಬಿಲ್ಲಿನಲ್ಲಿ ಬರೆದರೆ ಬಾಡಿಗೆಗೆ ಓಡಿಸಿದ್ದಕ್ಕೆ ನೀವೇ ಸಾಕ್ಷಿ ಬರೆದುಕೊಟ್ಟಂತೆ.

ಪ್ರಶ್ನೆ: ಸಂಪಾಜೆ ಘಾಟಿ ತಿರುವಿನಲ್ಲಿ ಕಲ್ಲಿಗೆ ತಾಗಿ ಬಂಪರ್ ಮತ್ತು ಫೆಂಡರ್ ಹೋಯಿತು. ಎರಡೂವರೆ ವರ್ಷದ 1,200 ಸಿಸಿ ಕಾರು, ಬಂಪರ್ ಟು ಬಂಪರ್ (ಸವಕಳಿ ಕಳೆಯದ ವಿಮೆ) ಮಾಡಿಸಿಲ್ಲ. ಗ್ಯಾರೇಜ್ ಅಂದಾಜು 26,000 ರೂ. ಕ್ಲೇಮ್ ಮಾಡಲೇ?
– ಮಡಿಕೇರಿ

ಉತ್ತರ: ಕಾಗದದ ಮೇಲೆ ಲೆಕ್ಕ ಹಾಕಿದರೆ ಉತ್ತರ ತಾನಾಗಿ ಬರುತ್ತದೆ. ನೀವು ಕಳಿಸಿದ ಅಂದಾಜಿನಲ್ಲಿ ಫೆಂಡರ್ 8,000, ಬಂಪರ್ 6,000, ಬಣ್ಣ 8,000, ಕೂಲಿ 4,000 ಇದೆ. ಎರಡರಿಂದ ಮೂರು ವರ್ಷದ ಕಾರಿನ ಲೋಹಕ್ಕೆ ಶೇ 15 ಸವಕಳಿ, ಫೆಂಡರಿಗೆ 6,800 ಬರುತ್ತದೆ. ಪ್ಲಾಸ್ಟಿಕ್ ಬಂಪರಿಗೆ ಅರ್ಧ, 3,000. ಬಣ್ಣದ ಬಿಲ್ಲಿನ ಕಾಲುಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, 7,000. ಕೂಲಿ ಪೂರ್ತಿ. ಒಟ್ಟು 20,800. ನಿಮ್ಮ ಕಾರಿಗೆ ಕಡ್ಡಾಯವಾಗಿ ನೀವೇ ಭರಿಸಬೇಕಾದ 1,000 ಕಳೆದರೆ ಕೈಗೆ 19,800. ಜೇಬಿನಿಂದ 6,200.

ಈಗ ಬೋನಸ್ ನಷ್ಟ. ಎರಡು ವರ್ಷ ಕ್ಲೇಮ್ ಇಲ್ಲದ ನಿಮಗೆ ಈಗ ಶೇ 25, ಮುಂದಿನ ನವೀಕರಣಕ್ಕೆ 35, ಆಮೇಲೆ 45, 50 ಆಗಬೇಕಿತ್ತು. ಕ್ಲೇಮ್ ಮಾಡಿದರೆ ಮುಂದಿನ ವರ್ಷ ಸೊನ್ನೆ, ಆಮೇಲೆ 20, 25, 35, 45. ವ್ಯತ್ಯಾಸ ಕೂಡಿದರೆ 35, 25, 25, 15, 5: ಒಟ್ಟು ಶೇ 105. ಬೋನಸ್ ಕಳೆಯುವ ಮುಂಚಿನ ಓಡಿ 8,000 ಅಂದರೆ ಐದು ವರ್ಷದಲ್ಲಿ 8,400 ರೂ. ವರ್ಷ ವರ್ಷ ಐಡಿವಿ ಇಳಿಯುವುದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಕಡಿಮೆ. ಬರುವುದು 19,800, ಹೋಗುವುದು ಸುಮಾರು 8,000. ಕ್ಲೇಮ್ ಮಾಡಿ. ಬಂಪರ್ ಒಂದೇ ಹೋಗಿದ್ದರೆ, ಕೈಯಿಂದಲೇ ಕೊಟ್ಟು ಸುಮ್ಮನಿರಿ ಅನ್ನುತ್ತಿದ್ದೆವು.

ನವೀಕರಣ ಮರೆತು ಪಾಲಿಸಿ ಮುಗಿದು 90 ದಿನ ದಾಟಿದರೆ ಒಂದೂ ಕ್ಲೇಮ್ ಇಲ್ಲದೆಯೂ ಬೋನಸ್ ಪೂರ್ತಿ ಹೋಗುತ್ತದೆ. ಮಳೆಗಾಲದಲ್ಲಿ ಕಾರು ಶೆಡ್ಡಿನಲ್ಲೇ ಇತ್ತು ಅನ್ನುವ ಸಮಜಾಯಿಷಿ ನಡೆಯುವುದಿಲ್ಲ.

ಪ್ರಶ್ನೆ: ಮಹೀಂದ್ರ ಥಾರ್ ಜೀಪು ತೆಗೆಯುವ ಆಸೆ. ವಿಮೆ ಜಾಸ್ತಿಯೇ? ದೊಡ್ಡ ಟಯರ್, ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಬಹುದೇ?
– ಪೊನ್ನಂಪೇಟೆ

ಉತ್ತರ: 2,184 ಸಿಸಿ ಡೀಸೆಲ್ ಆದರೆ ಥರ್ಡ್ ಪಾರ್ಟಿ 7,897 ರೂ. ಅದೇ ಥಾರ್‌ನ 1,497 ಸಿಸಿ ಡೀಸೆಲ್‌ಗೆ 3,416. 1,500ರ ಗಡಿಗೆ ಮೂರು ಸಿಸಿ ಕಡಿಮೆ ಇದ್ದು ಕೆಳಗಿನ ದರಕ್ಕೆ ಬಂದಿದೆ. ಆದರೆ ಅದು ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಕೊಡುವ ಗಾಡಿ, ಮಳೆಗಾಲದ ತೋಟದ ಏರಿಗೆ ಬೇಕಾದರೆ ಯೋಚಿಸಿ. ಕಬ್ಬಿಣದ ಗಾರ್ಡ್ ಬೇಡ, ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಅದರ ವಿರುದ್ಧ ಸೂಚನೆ ಹೊರಡಿಸಿದೆ. ಕಾರು ತಯಾರಕರ ಅಳತೆ ಮೀರಿದ ಟಯರನ್ನು ವಿಮಾ ಕಂಪನಿಗೆ ತಿಳಿಸದೆ ಹಾಕಿಸಿದರೆ ಸರ್ವೇಯರ್ ಕಣ್ಣಿಗೆ ಮೊದಲು ಬೀಳುವುದೇ ಅದು. ಮಳೆಗಾಲದ ಆಫ್‌ರೋಡ್ ಸ್ಪರ್ಧೆಗೆ ಇಳಿಸಿದರೆ, ಆ ದಿನದ ಮಟ್ಟಿಗೆ ನಿಮ್ಮ ಪಾಲಿಸಿ ಮನೆಯಲ್ಲೇ ಉಳಿದಂತೆ.