ನದಿಯಲ್ಲಿ ಕೈಟ್‌ಬೋರ್ಡಿಂಗ್ ತಂಡಗಳ ಡೌನ್‌ವಿಂಡ್ ರೇಸ್: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ದೊಡ್ಡ ಗಾಳಿಪಟದ (ಕೈಟ್) ಸೆಳೆತದಿಂದ ಬೋರ್ಡಿನ ಮೇಲೆ ನಿಂತು ನೀರಿನಲ್ಲಿ ಸಾಗುವ ಕೈಟ್‌ಬೋರ್ಡಿಂಗ್‌ನಲ್ಲಿ ನಾಲ್ಕು ಜನರ ಹತ್ತು ತಂಡ ಸೇರಿಸಿ, ಗಾಳಿ ಬೀಸುವ ದಿಕ್ಕಿಗೇ ಸಾಗುವ ರೇಸ್ ನಡೆಸಬೇಕೆಂದಿದ್ದೇವೆ. ನದಿ ಸುಮಾರು ಒಂದು ಕಿಲೋಮೀಟರ್ ಅಗಲವಿದೆ. ಮಧ್ಯಾಹ್ನದ ಗಾಳಿ ಹರಿವಿಗೆ ಎದುರಾಗಿ ಬೀಸುತ್ತದೆ. ಎಲ್ಲಿಂದ ಎಲ್ಲಿಗೆ, ಎಷ್ಟು ದೂರ ಇಡಬೇಕು?

ಮೊದಲು ಮುಗಿಯುವ ಜಾಗ ಹುಡುಕಿ, ಆಮೇಲೆ ಶುರುವಿನದು. ಹೆಚ್ಚಿನವರು ಒಳ್ಳೆಯ ದಡ ಕಂಡಲ್ಲಿ ಶುರು ಮಾಡಿ, ಕೊನೆ ಎಲ್ಲಾದರೂ ಸಿಕ್ಕೀತು ಅಂದುಕೊಳ್ಳುತ್ತಾರೆ. ಶುರುವಿನಲ್ಲಿ ಎಲ್ಲರೂ ಚುರುಕಾಗಿರುತ್ತಾರೆ, ಪಕ್ಕದಲ್ಲೇ ಸಹಾಯಕರಿರುತ್ತಾರೆ. ಕೊನೆಯಲ್ಲಿ ಕೈಕಾಲು ಸೋತ ನಲವತ್ತು ಜನ ಒಂದೇ ದಡಕ್ಕೆ ನುಗ್ಗುತ್ತಾರೆ. ಹಾಗಾಗಿ ಜಾಗದ ಲೆಕ್ಕ ಅಲ್ಲಿಂದಲೇ ಶುರುವಾಗಲಿ.

ಕೈಟಿನ ಲೈನುಗಳು (ದಾರಗಳು) ಸಾಮಾನ್ಯವಾಗಿ 22ರಿಂದ 24 ಮೀಟರ್ ಉದ್ದ. ಒಂದು ಕೈಟ್ ಇಳಿಸಲು ಗಾಳಿ ಹೋಗುವ ಕಡೆಗೆ ಕನಿಷ್ಠ 50 ಮೀಟರ್ ಖಾಲಿ ಜಾಗ ಬೇಕು. ಅಲ್ಲಿ ಮರ, ತಂತಿ, ಬಂಡೆ, ನಿಂತ ಕಾರು ಯಾವುದೂ ಇರಬಾರದು. ಒಟ್ಟಿಗೆ ನಾಲ್ಕು ಕೈಟ್ ಇಳಿಸಲು 200 ಮೀಟರ್ ದಡ ಬೇಕಾಗುತ್ತದೆ. ಗಾಳಿ ದಡಕ್ಕೆ ಓರೆಯಾಗಿ, ನೀರಿನ ಕಡೆಯಿಂದ ಬರುವಂತಿರಬೇಕು. ಅಂತಿಮ ಗೆರೆಯನ್ನು ದಡದ ಮೇಲೆ ಎಳೆಯಬೇಡಿ. ದಡಕ್ಕೆ 150-200 ಮೀಟರ್ ಮೊದಲೇ, ನೀರಿನಲ್ಲಿ ಎರಡು ತೇಲುಗುರುತುಗಳ ನಡುವೆ ಇಡಿ. ಗೆರೆ ಮರಳಿನ ಮೇಲಿದ್ದರೆ ಸ್ಪರ್ಧಿಗಳು ಪೂರ್ತಿ ವೇಗದಲ್ಲೇ ದಡಕ್ಕೆ ಬಂದು ಬಡಿಯುತ್ತಾರೆ. ಗೆರೆ ದಾಟಿದ ಮೇಲೆ ಗಾಳಿ ಹೋಗುವ ಕಡೆಗೆ ಇನ್ನೊಂದು ಕಿಲೋಮೀಟರಾದರೂ ಸೇತುವೆ, ಅಣೆಕಟ್ಟೆ, ನದಿ ದಾಟುವ ವಿದ್ಯುತ್ ತಂತಿ ಇರದಂತೆ ನೋಡಿಕೊಳ್ಳಿ. ದಡ ತಪ್ಪಿಸಿಕೊಂಡವರಿಗೆ ಇನ್ನೊಂದು ಅವಕಾಶ ಇರಲೇಬೇಕು.

ಇನ್ನು ದೂರ. ಎರಡೂ ತುದಿ ಒಂದೇ ಥರ ಇರುವ ಸಾಮಾನ್ಯ ಟ್ವಿನ್‌ಟಿಪ್ ಬೋರ್ಡಿನಲ್ಲಿ ಗಾಳಿಯ ನೇರಕ್ಕೆ ಓಡಲಾಗದು. ಗಾಳಿಯ ವೇಗ ಹಿಡಿಯುತ್ತಿದ್ದ ಹಾಗೆ ಲೈನು ಸಡಿಲಾಗಿ ಕೈಟ್ ಬೀಳುತ್ತದೆ. ಅದಕ್ಕೇ ಅಂಕುಡೊಂಕಾಗಿ ಹೋಗುತ್ತಾರೆ. ಗಾಳಿಯ ನೇರದಿಂದ ಸರಾಸರಿ 50 ಡಿಗ್ರಿ ಓರೆಯಾಗಿ ಹೋದರೆ, ನಕ್ಷೆಯ 10 ಕಿಲೋಮೀಟರ್ ನೀರಿನ ಮೇಲೆ ಸುಮಾರು 15.5 ಕಿಲೋಮೀಟರ್ ಆಗುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದವರಿಗೆ 31 ನಿಮಿಷ. ಎದುರು ಹರಿವು ಗಂಟೆಗೆ 3 ಕಿಲೋಮೀಟರ್ ಇದ್ದರೆ ಅದೇ ದೂರ 37 ನಿಮಿಷಕ್ಕೆ ಹೋಗುತ್ತದೆ. ನದಿಯಲ್ಲಿ ಬಳಸಬಹುದಾದ ಅಗಲ 800 ಮೀಟರ್ ಅಂದುಕೊಂಡರೆ ಹದಿನೈದು ಸಲ ಮಗ್ಗುಲು ತಿರುಗಿಸಬೇಕು. ನಿಧಾನದವರಿಗೆ ಸಮಯ ಎರಡು ಪಟ್ಟಾದರೂ ಆದೀತು. ಮೊದಲ ಸಲಕ್ಕೆ 8ರಿಂದ 10 ಕಿಲೋಮೀಟರ್ ಸಾಕು. ಉದ್ದ ಹೆಚ್ಚಿಸಿದಷ್ಟೂ ಮೊದಲನೆಯವರಿಗೂ ಕೊನೆಯವರಿಗೂ ಅಂತರ ಬೆಳೆಯುತ್ತದೆ, ನಿಮ್ಮ ದೋಣಿಗಳು ಕಾಯಬೇಕಾದ ನೀರೂ ಅಷ್ಟೇ ಬೆಳೆಯುತ್ತದೆ.

ನಡುವಿನ ದಾರಿಯಲ್ಲಿ ತಿರುವುಗಳನ್ನು ಗಮನಿಸಿ. ಗಾಳಿ ಬರುವ ಕಡೆ 30 ಮೀಟರ್ ಎತ್ತರದ ಗುಡ್ಡ ಇದ್ದರೆ, ಅದರಾಚೆ 300 ಮೀಟರ್‌ವರೆಗೂ ಗಾಳಿ ಮರೆಯಾಗಿ ಸುಳಿ ಸುಳಿಯಾಗಿ ಬರುತ್ತದೆ. ಎತ್ತರದ ಹತ್ತು ಪಟ್ಟು ಎನ್ನುವ ಲೆಕ್ಕ ಕೈಲಿರಲಿ. ಅಂಥ ದಡದ ಪಕ್ಕ ತೇಲುಗುರುತು ಕಟ್ಟಿ ಸ್ಪರ್ಧಿಗಳನ್ನು ದೂರವಿಡಿ. ದಡದಿಂದ ನೀರಿಗೆ ವಾಲಿದ ಮರಗಳ ಕೊಂಬೆಯೊಳಗೆ ನೀರು ಹರಿಯುತ್ತಿದ್ದರೆ ಆ ಜಾಗ ಇನ್ನೂ ಕೆಟ್ಟದ್ದು. ನೀರು ಆಚೆ ಹೋಗುತ್ತದೆ, ಮನುಷ್ಯ ಮತ್ತು ಲೈನು ಅಲ್ಲೇ ಸಿಕ್ಕಿಕೊಳ್ಳುತ್ತವೆ.

ಪ್ರಶ್ನೆ: ಗಾಳಿಯೂ ಹರಿವೂ ಒಂದೇ ದಿಕ್ಕಿಗಿದ್ದರೆ ಬೇಗ ಮುಗಿಯುತ್ತದಲ್ಲ? ಅಂಥ ಕಡೆ ನಡೆಸಿದರೆ ಸುಲಭವಲ್ಲವೇ?

ಬೇಗ ಮುಗಿಯುತ್ತದೆ, ಸುಲಭವಲ್ಲ. ನದಿ 1.6 ನಾಟ್ (ಗಂಟೆಗೆ ಸುಮಾರು 3 ಕಿಲೋಮೀಟರ್) ವೇಗದಲ್ಲಿ ಹರಿಯುತ್ತಿದೆ, ದಡದಲ್ಲಿ ಗಾಳಿ 20 ನಾಟ್ ಅಂತಿಟ್ಟುಕೊಳ್ಳಿ. ಎದುರು ಹರಿವಿನಲ್ಲಿ ನೀರಿನ ಮೇಲಿದ್ದವರಿಗೆ ಸಿಗುವುದು 21.6 ನಾಟ್, ಜೊತೆ ಹರಿವಿನಲ್ಲಿ 18.4. ಈ ವ್ಯತ್ಯಾಸ ಕೈಟ್ ನೀರಿಗೆ ಬಿದ್ದಾಗ ಅರ್ಥವಾಗುತ್ತದೆ. ಎದುರು ಹರಿವಿನಲ್ಲಿ ಲೈನು ಬಿಗಿಯಾಗಿದ್ದು ಕೈಟ್ ಮತ್ತೆ ಏಳುತ್ತದೆ. ಜೊತೆ ಹರಿವಿನಲ್ಲಿ ಲೈನು ಸಡಿಲಾಗಿ, ಏಳಿಸಲು ಹೆಣಗಬೇಕಾಗುತ್ತದೆ. ಅದರ ಜೊತೆಗೆ ಬಿದ್ದವರು, ಬೋರ್ಡು, ಕೈಟ್ ಎಲ್ಲವೂ ಅಂತಿಮ ಗೆರೆಯನ್ನೂ ದಾಟಿ ಕೆಳಗೆ ಹೋಗುತ್ತಲೇ ಇರುತ್ತವೆ.

ಅಮೆರಿಕದ ಕೊಲಂಬಿಯಾ ನದಿಯ ಕಣಿವೆ ಈ ಆಟಕ್ಕೆ ಹೆಸರಾಗಿದ್ದೇ ಇದರಿಂದ. ನದಿ ಪಶ್ಚಿಮಕ್ಕೆ ಹರಿಯುತ್ತದೆ, ಬೇಸಿಗೆಯ ಗಾಳಿ ಪಶ್ಚಿಮದಿಂದ ಬರುತ್ತದೆ. ಆ ಎದುರಾಟದಲ್ಲಿ ಕಡಿದಾದ, ಒತ್ತೊತ್ತಾದ ಅಲೆಗಳೇಳುತ್ತವೆ. ಹರಿವು ಜೋರಿರುವ ನಡುನೀರಿನಲ್ಲಿ ಅಲೆ ದೊಡ್ಡದು, ಅಂಚಿನಲ್ಲಿ ಸಣ್ಣದು. ನಿಮ್ಮ ನದಿಯಲ್ಲೂ ಹೀಗೆಯೇ ಇದ್ದರೆ, ಅಲೆಯ ಅಭ್ಯಾಸವಿಲ್ಲದವರು ಅಂಚು ಹಿಡಿದು ಹೋಗಲಿ ಎಂದು ಮೊದಲೇ ಹೇಳಿ. ಒಂದು ತೊಡಕು ಮಾತ್ರ ಇದೆ: ಕಳಚಿಕೊಂಡ ಬೋರ್ಡು ಚಪ್ಪಟೆಯಾಗಿ ತೇಲುವುದರಿಂದ ಗಾಳಿಗಿಂತ ಹರಿವಿಗೆ ಹೆಚ್ಚು ಸಿಗುತ್ತದೆ. ಜನ ಮುಂದೆ ಹುಡುಕುತ್ತಾರೆ, ಅದು ಶುರುವಿನ ಕಡೆಗೆ ಹಿಂದೆ ಹೋಗಿರುತ್ತದೆ. ಬೋರ್ಡಿಗೆ ಹಗ್ಗ ಕಟ್ಟಿಕೊಳ್ಳುವುದು ಇದಕ್ಕೆ ಪರಿಹಾರವಲ್ಲ. ಹಗ್ಗ ಜಗ್ಗಿ ಬಿಟ್ಟಾಗ ಬೋರ್ಡು ತಲೆಗೇ ಬಂದು ಬಡಿಯುತ್ತದೆ.

ಪ್ರಶ್ನೆ: ನಲವತ್ತು ಜನರನ್ನೂ ಒಟ್ಟಿಗೆ ಬಿಟ್ಟರೆ ನೋಡಲು ಚೆನ್ನಾಗಿರುತ್ತದೆ. ಮಾಡಬಹುದೇ?

ಬೇಡ. ಡೌನ್‌ವಿಂಡ್ ಓಟದಲ್ಲಿ ಹಿಂದಿನವರ ಕೈಟ್ ಅವರಿಗಿಂತ 20 ಮೀಟರಿಗೂ ಮುಂದೆ, ಅಂದರೆ ಮುಂದಿನವರ ತಲೆಯ ಮೇಲೋ ಲೈನಿನ ಮೇಲೋ ಹಾರುತ್ತಿರುತ್ತದೆ. ಮುಂದಿನವರಿಗೆ ಅದು ಕಾಣುವುದಿಲ್ಲ. ನಲವತ್ತು ಜನ ಒಂದೇ ಗುಂಪಾದರೆ ಮೊದಲ ತಿರುವಿನಲ್ಲೇ ಲೈನುಗಳು ಹೆಣೆದುಕೊಳ್ಳುತ್ತವೆ.

ಎರಡು ತಂಡಗಳಿಗೊಂದು ಸರದಿಯಂತೆ ಎಂಟೆಂಟು ಜನರನ್ನು ಐದು ನಿಮಿಷಕ್ಕೊಮ್ಮೆ ಬಿಡಿ. ಪ್ರತಿ ಸರದಿಗೂ ಅದರದೇ ಗಡಿಯಾರ. ಶುರುವಿನ ಗೆರೆಯಿಂದ ಮೊದಲ ಗುರುತು ಗಾಳಿಗೆ ಅಡ್ಡಲಾಗಿ 300-400 ಮೀಟರ್ ದೂರದಲ್ಲಿರಲಿ. ಎಲ್ಲರೂ ಬಲಗೈ ಮುಂದಾಗಿ ಒಂದೇ ಮಗ್ಗುಲಲ್ಲಿ ಆ ಗುರುತಿನವರೆಗೆ ಓಡಿ, ಅಲ್ಲಿಂದ ಗಾಳಿ ಹೋಗುವ ಕಡೆಗೆ ತಿರುಗಲಿ. ಈ ಅಡ್ಡ ಓಟದಲ್ಲಿ ವೇಗದವರು ಮುಂದೆ ಹೋಗಿ ಗುಂಪು ತಾನಾಗಿ ಬಿಡಿಯಾಗುತ್ತದೆ. ಮೂರು ನಿಮಿಷ, ಎರಡು, ಒಂದು, ಆಮೇಲೆ ಬಿಡುಗಡೆ: ಪ್ರತಿಯೊಂದಕ್ಕೂ ಬಾವುಟ ಇರಲಿ. ಗಾಳಿಯ ಸದ್ದಿನಲ್ಲಿ ಹಾರ್ನ್ ಕೇಳಿಸೀತು ಎಂದು ನಂಬಬೇಡಿ. ಅವಸರದಲ್ಲಿ ಗೆರೆ ದಾಟಿದವರನ್ನು ವಾಪಸು ಕರೆಯಬಾರದು, ಅವರು ಬರುವ ಗುಂಪಿಗೆ ಎದುರಾಗುತ್ತಾರೆ. 30 ಸೆಕೆಂಡು ದಂಡ ಹಾಕಿ ಬಿಟ್ಟುಬಿಡಿ.

ದಾರಿಯ ನಿಯಮ ಮೂರೇ ಸಾಕು, ಅವನ್ನೇ ಬಾಯಿಪಾಠ ಮಾಡಿಸಿ. ಎದುರಾದಾಗ ಬಲಗೈ ಮುಂದಿರುವವರು ತಮ್ಮ ದಾರಿಯಲ್ಲೇ ಹೋಗುತ್ತಾರೆ, ಇನ್ನೊಬ್ಬರು ದಾರಿ ಬಿಡಬೇಕು. ದಾಟುವಾಗ ಗಾಳಿ ಬರುವ ಕಡೆ ಇರುವವರು ಕೈಟ್ ಮೇಲೆತ್ತಬೇಕು, ಗಾಳಿ ಹೋಗುವ ಕಡೆ ಇರುವವರು ತಗ್ಗಿಸಬೇಕು. ಹಿಂದಿನವರು 50 ಮೀಟರ್ ಅಂತರ ಬಿಡಬೇಕು.

ಪ್ರಶ್ನೆ: ತಂಡದ ಫಲಿತಾಂಶ ಹೇಗೆ ಲೆಕ್ಕ ಹಾಕುವುದು? ನಾಲ್ವರ ಸಮಯ ಕೂಡಿಸಬೇಕೇ?

ಕೂಡಿಸುವುದು ಸರಳ, ಆದರೆ ಆಗ ಅದು ನಾಲ್ಕು ಒಂಟಿ ಓಟಗಳ ಮೊತ್ತವಾಗುತ್ತದೆ. ವೇಗದವರು ಹೋಗಿ ದಡ ಸೇರುತ್ತಾರೆ, ನಾಲ್ಕನೆಯವರು ಒಬ್ಬರೇ ನದಿಯ ನಡುವೆ ಉಳಿಯುತ್ತಾರೆ. ನಾಲ್ಕನೆಯವರು ಗೆರೆ ದಾಟಿದಾಗ ತಂಡದ ಗಡಿಯಾರ ನಿಲ್ಲಲಿ ಎನ್ನುವುದು ನಮ್ಮ ಸಲಹೆ. ಆಗ ತಂಡವೇ ತನ್ನ ಸದಸ್ಯರ ಮೇಲೆ ಕಣ್ಣಿಡುತ್ತದೆ. ಎಷ್ಟು ದೋಣಿ ಇಟ್ಟರೂ ಇಷ್ಟು ಕಣ್ಣು ಸಿಗುವುದಿಲ್ಲ.

ಕಾಯುವುದಕ್ಕೂ ಜಾಗ ಬೇಕು. ಕೈಟ್ ಹಾರಿಸುತ್ತ ಒಂದೇ ಕಡೆ ನಿಲ್ಲುವುದು ಓಡುವುದಕ್ಕಿಂತ ಕಷ್ಟ. ದಾರಿಯಲ್ಲಿ ತೇಲುಗುರುತುಗಳ ಎರಡು ದ್ವಾರ ಮಾಡಿ; ಮೊದಲ ಸದಸ್ಯ ದಾಟಿದ ಎರಡು ನಿಮಿಷದೊಳಗೆ ನಾಲ್ವರೂ ದಾಟಬೇಕು ಎಂದಿಡಿ. ದ್ವಾರದ ಮೊದಲು ಅಡ್ಡಾಡಿಕೊಂಡಿರಲು ದಡದ ಕಡೆ ಅಗಲವಾದ ನೀರು ಬಿಡಿ.

ಅರ್ಧಕ್ಕೆ ಬಿಟ್ಟವರಿಗೆ ಎಷ್ಟು ದಂಡ? ಹೆಚ್ಚಿನ ಆಯೋಜಕರು ಎಡವುವುದೇ ಇಲ್ಲಿ. ತಂಡವನ್ನೇ ಅನರ್ಹಗೊಳಿಸಿದರೆ, ಭುಜ ನೋಯುತ್ತಿರುವವರೂ ಮರ್ಯಾದೆಗೆ ಅಂಜಿ ದೋಣಿ ಹತ್ತುವುದಿಲ್ಲ. ಐದು ನಿಮಿಷ ಸೇರಿಸಿ ಉಳಿದ ಮೂವರ ಸಮಯ ಹಿಡಿಯಿರಿ. ಬಿಟ್ಟವರ ಜೆರ್ಸಿ ಸಂಖ್ಯೆಯನ್ನು ತಂಡದ ಇನ್ನೊಬ್ಬರು ಅಂತಿಮ ಗೆರೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಮಾತ್ರ ಅನರ್ಹ.

ಪ್ರಶ್ನೆ: ಎಷ್ಟು ದೋಣಿ ಬೇಕು? ಸ್ಪರ್ಧಿಗಳ ಹಿಂದೆಯೇ ಹೋಗುತ್ತಿದ್ದರೆ ಸಾಕೇ?

ಹಿಂಬಾಲಿಸುವುದರಿಂದ ಪ್ರಯೋಜನ ಕಡಿಮೆ. ಒರಟು ಅಲೆಯಲ್ಲಿ ಸಣ್ಣ ದೋಣಿ 30 ಕಿಲೋಮೀಟರ್ ವೇಗ ಹಿಡಿದು ಉಳಿಸಿಕೊಳ್ಳುವುದಿಲ್ಲ. ನಲವತ್ತು ಜನರಿಗೆ ಕನಿಷ್ಠ ನಾಲ್ಕು ದೋಣಿ ಇಡಿ: ದಾರಿಯ ಮೂರನೇ ಒಂದು ಭಾಗದಲ್ಲಿ ಒಂದು, ಮೂರನೇ ಎರಡು ಭಾಗದಲ್ಲಿ ಒಂದು, ಅಂತಿಮ ಗೆರೆಯ ಆಚೆ ಒಂದು, ಎಲ್ಲರ ಹಿಂದೆ ಗುಡಿಸಿಕೊಂಡು ಬರುವುದೊಂದು. ಎರಡು ಮೂರು ಜನ, ಅವರ ಕೈಟು ಬೋರ್ಡು ಸೇರಿದರೆ ಒಂದು ದೋಣಿ ತುಂಬಿಹೋಗುತ್ತದೆ. ಆದ್ದರಿಂದ ನಡುವಿನ ದೋಣಿಗಳು ಎತ್ತಿಕೊಂಡವರನ್ನು ಹತ್ತಿರದ ದಡಕ್ಕೆ ಬಿಟ್ಟು ತಮ್ಮ ಜಾಗಕ್ಕೆ ಮರಳಬೇಕು. ದೋಣಿ ನಡೆಸುವವರ ಜೊತೆ ಕೈಟ್ ಗೊತ್ತಿರುವ ಒಬ್ಬರು ಇರಲೇಬೇಕು. ಕೈಗೆಟಕುವಲ್ಲಿ ಲೈನು ಕತ್ತರಿಸುವ ಕೊಕ್ಕೆಚಾಕು, 15-20 ಮೀಟರಿನ ಎಸೆಯುವ ಹಗ್ಗ, ರೇಡಿಯೊ, ಕಂಬಳಿ ಇರಲಿ.

ಬಿದ್ದವರ ಹತ್ತಿರ ಹೋಗುವಾಗ ಎಲ್ಲಕ್ಕಿಂತ ಮೊದಲು ಲೈನು ಎಲ್ಲಿದೆ ಎಂದು ನೋಡಬೇಕು. ಮನುಷ್ಯನಿಗೂ ಕೈಟಿಗೂ ನಡುವೆ ದೋಣಿ ಎಂದೂ ಹೋಗಬಾರದು. ಲೈನು ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಎಂಜಿನ್ ನಿಲ್ಲುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಸೆಳೆತ ಮನುಷ್ಯನನ್ನೂ ಎಳೆದುಕೊಳ್ಳುತ್ತದೆ. ಗಾಳಿ ಬರುವ ಕಡೆ ದೂರದಲ್ಲಿ ನಿಂತು ಕೂಗಿ ಹೇಳಿ. ಅವರು ಸುರಕ್ಷಾ ಬಿಡುಗಡೆ ಎಳೆದು ಕೈಟನ್ನು ಸತ್ವಹೀನ ಮಾಡಲಿ. ಆಮೇಲೆ ಲೈನುಗಳನ್ನು ಕೈಯಲ್ಲಿ ಹಿಡಿಯುವ ಕೋಲಿಗೆ (ಬಾರ್) ಸುತ್ತುತ್ತ ಕೈಟಿನವರೆಗೆ ಹೋಗಿ ಅದನ್ನು ಹಿಡಿದುಕೊಳ್ಳಲಿ. ಅಲ್ಲಿವರೆಗೂ ಹತ್ತಿರ ಹೋಗಬೇಡಿ. ಹತ್ತಿಸಿಕೊಳ್ಳುವಾಗ ಎಂಜಿನ್ ಆರಿಸಿ. ಕೈಟಿನ ಮುಂಚಿನಲ್ಲಿರುವ ಗಾಳಿ ತುಂಬಿದ ಕೊಳವೆಯ ಗಾಳಿ ಬಿಟ್ಟ ಮೇಲಷ್ಟೇ ಕೈಟ್ ದೋಣಿಗೆ ಬರಲಿ. ಗಾಳಿ ತುಂಬಿದ ಕೈಟ್ ದೋಣಿಯಲ್ಲಿದ್ದರೆ ಅದು ಮತ್ತೆ ಎದ್ದೀತು. ಮನುಷ್ಯ ಗಾಯಗೊಂಡು ಲೈನು ಸುತ್ತಲಾಗದಿದ್ದರೆ ಇಷ್ಟು ಹೊತ್ತು ಕಾಯುವಂತಿಲ್ಲ. ಲೈನು ಕತ್ತರಿಸಿ ಕೈಟನ್ನು ಬಿಟ್ಟುಬಿಡಿ, ಆಮೇಲೆ ಹುಡುಕಿದರಾಯಿತು.

ಸನ್ನೆಗಳ ಬಗ್ಗೆ ಒಂದು ಮಾತು. ಡೈವಿಂಗ್ ಮಾಡುವವರು ತಲೆಯ ಮೇಲೆ ಕೈಯಿಟ್ಟು ‘ಸರಿಯಿದ್ದೇನೆ’ ಎನ್ನುತ್ತಾರೆ. ಕೈಟಿನವರು ತಲೆ ತಟ್ಟಿಕೊಂಡರೆ ‘ನನ್ನ ಕೈಟ್ ಇಳಿಸಿ’ ಎಂದರ್ಥ. ಎರಡೂ ಕಡೆಯವರು ದೋಣಿಯಲ್ಲಿದ್ದರೆ ಗೊಂದಲ ಖಂಡಿತ. ಒಂದು ಕೈ ಎತ್ತಿ ಬೀಸಿದರೆ ಸಹಾಯ ಬೇಕು, ಎರಡೂ ಕೈ ಸೇರಿಸಿ ತಲೆಯ ಮೇಲೆ ವೃತ್ತ ಮಾಡಿದರೆ ಸರಿಯಿದ್ದೇನೆ ಎಂದು ಬೆಳಿಗ್ಗೆಯೇ ಎಲ್ಲರ ಕೈಯಲ್ಲೂ ಮಾಡಿಸಿ.

ಸರಕು ದೋಣಿಗಳು ಓಡಾಡುವ ನದಿಯಾದರೆ ಅವುಗಳ ವೇಳೆ ಮೊದಲೇ ತಿಳಿದುಕೊಳ್ಳಿ. ಬಾರ್ಜ್‌ಗಳನ್ನು ತಳ್ಳಿಕೊಂಡು ಬರುವವರಿಗೆ ಮೂತಿಯ ಮುಂದಿನ ನೂರಾರು ಮೀಟರ್ ನೀರು ಕಾಣುವುದೇ ಇಲ್ಲ, ಬೇಗ ನಿಲ್ಲಿಸಲೂ ಆಗದು. ಬಾರ್ಜ್ ಬರುತ್ತಿದ್ದರೆ ರೇಸೇ ಕಾಯಬೇಕು. ಮೇಲ್ಗಡೆ ಅಣೆಕಟ್ಟೆ ಇದ್ದರೆ ನೀರು ಬಿಡುವ ವೇಳೆಯನ್ನೂ ಕೇಳಿ. ಬೆಳಿಗ್ಗೆ ನೋಡಿದ ಮರಳ ದಂಡೆ ಮಧ್ಯಾಹ್ನ ಮುಳುಗಿರಬಹುದು.

ಪ್ರಶ್ನೆ: ಫಾಯಿಲ್ ಬೋರ್ಡಿನವರನ್ನೂ (ಅಡಿಯಲ್ಲಿ ಕಂಬ, ಅದರ ತುದಿಗೆ ರೆಕ್ಕೆ ಇರುವ ಬೋರ್ಡು) ಸೇರಿಸಿಕೊಳ್ಳಬಹುದೇ?

ಬೇರೆ ವಿಭಾಗ ಮಾಡಿ, ಎಲ್ಲರಿಗಿಂತ ಮೊದಲು ಬಿಡಿ. ಅವರು ಗಾಳಿಯ ನೇರಕ್ಕೆ ಇನ್ನೂ ಹತ್ತಿರದ ಕೋನದಲ್ಲಿ, ಇನ್ನೂ ವೇಗವಾಗಿ ಹೋಗುತ್ತಾರೆ. ಹಿಂದೆ ಬಿಟ್ಟರೆ ಟ್ವಿನ್‌ಟಿಪ್ ಗುಂಪನ್ನು ಸೀಳಿಕೊಂಡೇ ಹೋಗಬೇಕಾಗುತ್ತದೆ. ಫಾಯಿಲಿನ ಕಂಬ ಸಾಮಾನ್ಯವಾಗಿ 75ರಿಂದ 100 ಸೆಂಟಿಮೀಟರ್. ಒಂದೂವರೆ ಮೀಟರಿಗಿಂತ ಕಡಿಮೆ ಆಳ ಅಥವಾ ಜೊಂಡು ಇರುವಲ್ಲಿ ಅವರಿಗೆ ದಾರಿಯಿಲ್ಲ.

ಪ್ರಶ್ನೆ: ಯಾವಾಗ ರದ್ದು ಮಾಡಬೇಕು? ದೂರದಿಂದ ಬಂದವರಿಗೆ ಬೇಡವೆನ್ನುವುದು ಕಷ್ಟ.

ಅಂಕಿಗಳನ್ನು ಹಿಂದಿನ ದಿನವೇ ಬರೆದು ಎಲ್ಲರಿಗೂ ಕೊಟ್ಟುಬಿಡಿ, ಆಗ ರದ್ದು ಮಾಡುವುದು ನೀವಲ್ಲ, ಆ ಅಂಕಿ. ಸರಾಸರಿ 15 ನಾಟ್‌ಗಿಂತ ಕಡಿಮೆಯಾದರೆ ನಿಧಾನದವರು ಗಾಳಿ ಮರೆಯಲ್ಲಿ ಸಿಕ್ಕಿಬೀಳುತ್ತಾರೆ. 28 ದಾಟಿದರೆ ಅಥವಾ ಗಾಳಿಯ ಏರಿಗೂ ಇಳಿತಕ್ಕೂ 12 ನಾಟ್‌ಗಿಂತ ಹೆಚ್ಚು ಅಂತರ ಬಂದರೆ ಮಿಶ್ರ ಮಟ್ಟದ ಗುಂಪಿಗೆ ಬೇಡ. ಶುರು, ನಡು, ಕೊನೆ ಮೂರೂ ಕಡೆ ಕೈಮಾಪಕದಿಂದ ಹತ್ತು ನಿಮಿಷ ಅಳೆಯಿರಿ. ನದಿ ಕಣಿವೆಯಲ್ಲಿ ಮುನ್ಸೂಚನೆ ಒಂದು ಹೇಳಿದರೆ ನೀರು ಇನ್ನೊಂದು ಹೇಳುತ್ತದೆ. ಗುಡುಗು ಕೇಳಿದರೆ ಎಲ್ಲರೂ ದಡಕ್ಕೆ, ಕೊನೆಯ ಗುಡುಗಿನಿಂದ 30 ನಿಮಿಷ ಯಾರೂ ನೀರಿಗಿಲ್ಲ.

ಕೈಟಿನ ಅಳತೆ ಅವರವರ ಆಯ್ಕೆ. ಆದರೂ ಒಂದು ಎಚ್ಚರಿಕೆ: ಗಾಳಿಯ ಜೊತೆ ಓಡುವಾಗ ಸೆಳೆತ ಕಡಿಮೆ ಅನಿಸುವುದರಿಂದ ಜನ ಒಂದು ಅಳತೆ ದೊಡ್ಡದನ್ನೇ ಹಿಡಿಯುತ್ತಾರೆ. ದಡದಲ್ಲಿ ಏರಿಸುವಾಗಲೂ ಇಳಿಸುವಾಗಲೂ ಅದೇ ಕೈಟ್ ಪೂರ್ತಿ ಗಾಳಿಗೆ ಸಿಗುತ್ತದೆ. 75 ಕಿಲೋ ತೂಕದವರಿಗೆ 20-24 ನಾಟ್‌ನಲ್ಲಿ 9 ಚದರ ಮೀಟರ್ ಸಾಕು, 12 ಹಿಡಿದುಕೊಂಡು ಬಂದವರನ್ನು ಶುರುವಿನಲ್ಲೇ ತಡೆಯಿರಿ.

ಪ್ರಶ್ನೆ: ಎಲ್ಲರೂ ದಡ ಸೇರಿದರು ಎಂದು ಖಚಿತವಾಗುವುದು ಹೇಗೆ?

ತಲೆ ಎಣಿಸಿದರೆ ಸಾಲದು, ಯಾರು ನೀರಿನಲ್ಲಿದ್ದಾರೆ ಎಂಬ ಪಟ್ಟಿ ಬೇಕು. ಎಲ್ಲರಿಗೂ ಸಂಖ್ಯೆಯ ಜೆರ್ಸಿ, ಅದೇ ಸಂಖ್ಯೆಯ ಬಿಲ್ಲೆ ಕೊಡಿ. ಬೋರ್ಡು ಮತ್ತು ಕೈಟಿನ ಮೇಲೂ ಅದನ್ನೇ ಬರೆಸಿ. ಖಾಲಿ ಬೋರ್ಡು ಸಿಕ್ಕಾಗ ಅದು ಯಾರದೆಂದು ತಕ್ಷಣ ತಿಳಿಯಬೇಕು. ಶುರುವಿನ ದಡದಲ್ಲಿ ಕೈಟ್ ಏರಿದ ಕೂಡಲೇ ಬಿಲ್ಲೆ ಹಲಗೆಗೆ ಹೋಗಲಿ. ಆ ಹಲಗೆ ಗಾಡಿಯಲ್ಲಿ ಅಂತಿಮ ದಡಕ್ಕೆ ಬರಲಿ. ಅಲ್ಲಿ ಸ್ಪರ್ಧಿಯೇ ತನ್ನ ಕೈಯಿಂದ ಬಿಲ್ಲೆ ತೆಗೆದುಕೊಳ್ಳಬೇಕು, ಗೆಳೆಯರು ತೆಗೆಯುವಂತಿಲ್ಲ. ಏರಿಸಿದ ಮೇಲೆ ಮನಸ್ಸು ಬದಲಿಸಿ ಹೊರಟೇಬಿಡುವವರು ಪ್ರತಿ ಸಲವೂ ಒಬ್ಬರಿಬ್ಬರು ಇರುತ್ತಾರೆ, ದೋಣಿಯವರು ಅವರನ್ನು ಸುಮ್ಮನೆ ನದಿಯಲ್ಲಿ ಹುಡುಕುತ್ತಿರುತ್ತಾರೆ. ಅದಕ್ಕೆ ಕಾರಿನ ಕೀಲಿಯನ್ನೂ ಬಿಲ್ಲೆಯ ಕೊಕ್ಕೆಗೇ ನೇತುಹಾಕಿಸಿಕೊಳ್ಳಿ. ಬಿಲ್ಲೆ ಬಿಡಿಸಿಕೊಳ್ಳದೆ ಯಾರೂ ಮನೆಗೆ ಹೋಗಲಾಗುವುದಿಲ್ಲ. ಶುರುವಿನ ದಡದಲ್ಲಿ ಕೀಲಿ ಮರೆತು, ಒದ್ದೆ ಬಟ್ಟೆಯಲ್ಲಿ ಹತ್ತು ಕಿಲೋಮೀಟರ್ ಆಚೆ ನಡುಗುತ್ತ ಕೂರುವ ತೊಂದರೆಯೂ ತಪ್ಪುತ್ತದೆ. ಹಲಗೆಯಲ್ಲಿ ಒಂದೇ ಒಂದು ಬಿಲ್ಲೆ ಉಳಿದಿದ್ದರೂ ಹಿಂದಿನ ದೋಣಿ ನೀರು ಬಿಟ್ಟು ಏಳಬಾರದು.