ದೊಡ್ಡ ಪ್ರವಾಹವೋ ಭೂಕಂಪವೋ ಆಗಿ ಊರಿನಲ್ಲಿ ವ್ಯವಸ್ಥೆಯೇ ಕುಸಿದುಬಿದ್ದರೆ ಎದುರಿಸಲು ಮನೆಯಲ್ಲಿ ಏನೇನು ಸಿದ್ಧತೆ ಮಾಡಿಕೊಳ್ಳಬೇಕು?

ಮೊದಲು ನನ್ನದೊಂದು ಮರುಪ್ರಶ್ನೆ. ನಿಮ್ಮ ಮನೆಯ ಟೆರೇಸಿನ ಬೀಗದ ಕೈ ಯಾರ ಹತ್ತಿರ ಇದೆ?

ನೀವು ಬರೆದಿರುವುದನ್ನು ಎರಡು ಸಲ ಓದಿದೆ. ನೆಲಮಹಡಿಯ ಬಾಡಿಗೆ ಮನೆ, ಎರಡು ವರ್ಷದ ಮಗು, ಇನ್ಸುಲಿನ್ ತೆಗೆದುಕೊಳ್ಳುವ ಅತ್ತೆ. ಆರು ತಿಂಗಳ ದಿನಸಿ ಕೂಡಿಡಬೇಕೇ, ಕಿಟಕಿಗಳಿಗೆಲ್ಲ ಗ್ರಿಲ್ ಹಾಕಿಸಬೇಕೇ, ಲೂಟಿ ಶುರುವಾದರೆ ಕೈಗೊಂದು ಆಯುಧ ಬೇಕೇ ಎಂದು ಕೇಳಿದ್ದೀರಿ. ಬೀಗದ ಕೈಯ ಮಾತು ಎಲ್ಲೂ ಇಲ್ಲ. ಬೆಂಗಳೂರಿನ ಎಷ್ಟೋ ಮಾಲೀಕರು ಟೆರೇಸನ್ನು ತಮ್ಮ ಹಪ್ಪಳ ಸಂಡಿಗೆಗೆ ಮೀಸಲಿಟ್ಟು ಬೀಗ ಜಡಿದಿರುತ್ತಾರೆ. ನಮ್ಮ ಬೀದಿಗೆ ನೀರು ನುಗ್ಗಿದ ರಾತ್ರಿ ಎದುರು ಮನೆಯ ಬಾಡಿಗೆದಾರರು ಮೇಲಿನ ಮೆಟ್ಟಿಲಲ್ಲಿ, ಆ ಬೀಗದ ಮುಂದೆ, ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳಗು ಮಾಡಿದರು. ಮಾಲೀಕರು ಮೈಸೂರಿನಲ್ಲಿದ್ದರು.

ನಮ್ಮದು ಮಹದೇವಪುರದ ಕಡೆ, ಒಂದು ಕಾಲದಲ್ಲಿ ಕೆರೆಯ ಅಚ್ಚುಕಟ್ಟಾಗಿದ್ದ ತಗ್ಗಿನಲ್ಲಿ ಎದ್ದ ಬಡಾವಣೆ. 2022ರ ಸೆಪ್ಟೆಂಬರ್ ಮೊದಲ ವಾರ ರಾಜಕಾಲುವೆ ಉಕ್ಕಿ ಮನೆಯೊಳಗೆ ಮಂಡಿಯುದ್ದ ನೀರು ಬಂತು. ಸಾಫ್ಟ್‌ವೇರ್ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದ ಚಿತ್ರಗಳನ್ನು ನೀವೂ ನೋಡಿರುತ್ತೀರಿ, ನಗುವವರು ನಕ್ಕರು. ನಮಗೆ ಮೂರು ದಿನ ಕರೆಂಟ್ ಇರಲಿಲ್ಲ. ಸುತ್ತ ನೀರೇ ನೀರು, ನಲ್ಲಿಯಲ್ಲಿ ಮಾತ್ರ ಹನಿಯಿಲ್ಲ. ಅದೇ ಸಮಯಕ್ಕೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೂ ನೀರು ನುಗ್ಗಿ ಕಾವೇರಿ ಪೂರೈಕೆ ನಿಂತುಹೋಗಿತ್ತು. ನಾವು ಕುಡಿಯುವ ನೀರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಸಲ ಪಂಪ್ ಆಗಿ ಬರುತ್ತದೆ. ಅಲ್ಲಿ ಒಂದು ಕಡೆ ಮೋಟಾರ್ ಮುಳುಗಿದರೆ ಇಲ್ಲಿ ಗಂಟಲು ಒಣಗುತ್ತದೆ. ಹಾಗಾಗಿ ಈ ಊರಿನಲ್ಲಿ ದಿನಸಿಗಿಂತ ಮುಂಚೆ ನೀರಿನ ಯೋಚನೆ ಮಾಡಿ.

ಎರಡನೆಯ ದಿನ ಬೆಳಿಗ್ಗೆ ನಮ್ಮ ಸಂಪಿನ ಮುಚ್ಚಳ ಎತ್ತಿದೆವು. ನೀರಿನ ಮೇಲೆ ಎಣ್ಣೆಯ ಬಣ್ಣಬಣ್ಣದ ಪೊರೆ, ಅದರ ನಡುವೆ ತೇಲುತ್ತಿದ್ದ ಒಂದು ಹಲ್ಲುಜ್ಜುವ ಬ್ರಷ್. ಮುಚ್ಚಳ ಅಂಗಳದ ಮಟ್ಟದಲ್ಲಿದ್ದುದರಿಂದ ಚರಂಡಿಯ ನೀರೆಲ್ಲ ಒಳಗೆ ಇಳಿದಿತ್ತು. ಎಂಟು ಸಾವಿರ ಲೀಟರ್ ಇದೆ, ನಮಗೇನು ಎಂದು ಜಂಬಪಡುತ್ತಿದ್ದವಳು ನಾನೇ. ಅಂಥ ನೀರನ್ನು ಕುದಿಸಿದರೂ ಕುಡಿಯಬಾರದು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಎಣ್ಣೆ, ರಾಸಾಯನಿಕ ಹೋಗುವುದಿಲ್ಲ. ಆಮೇಲೆ ಸಂಪಿನ ಬಾಯಿಗೆ ಒಂದೂವರೆ ಅಡಿ ಕಟ್ಟೆ ಕಟ್ಟಿಸಿದೆವು. ನಿಮ್ಮದು ಬಾಡಿಗೆ ಮನೆಯಾದ್ದರಿಂದ ಕಟ್ಟೆ ಕಟ್ಟಿಸುವುದು ನಿಮ್ಮ ಕೈಲಿಲ್ಲ, ಆದರೆ ಕ್ಯಾನ್ ಇಟ್ಟುಕೊಳ್ಳುವುದು ನಿಮ್ಮ ಕೈಲಿದೆ. ಕುಡಿಯಲು, ಸ್ವಲ್ಪ ಅಡುಗೆಗೆ ತಲೆಗೆ ದಿನಕ್ಕೆ ಮೂರು ಲೀಟರ್ ಎಂದರೂ ನಾಲ್ಕು ಜನಕ್ಕೆ ವಾರಕ್ಕೆ 84 ಲೀಟರ್. ಅಂದರೆ 20 ಲೀಟರಿನ ಐದು ಕ್ಯಾನ್ ಸದಾ ತುಂಬಿರಲಿ, ಹಳೆಯದನ್ನು ಮೊದಲು ಬಳಸಿ, ಖಾಲಿಯಾದದ್ದನ್ನು ಅಂದೇ ತುಂಬಿಸಿ. ಸಂಪು ಚೆನ್ನಾಗಿದ್ದು ಕರೆಂಟ್ ಮಾತ್ರ ಹೋದರೆ ಹಗ್ಗ ಕಟ್ಟಿದ ಬಕೆಟ್ ಸಾಕು. ಹಗ್ಗ ಮನೆಯಲ್ಲಿದೆಯೇ ನೋಡಿ. ನಮ್ಮಲ್ಲಿ ಇರಲಿಲ್ಲ, ಹಳೆಯ ಸೀರೆ ಹರಿದು ಹೆಣೆದೆವು.

ದಿನಸಿಯ ವಿಷಯ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಅದರ ಬಗ್ಗೆ ಎಲ್ಲರೂ ಬೇಕಾದಷ್ಟು ಬರೆಯುತ್ತಾರೆ. ಆರು ತಿಂಗಳದ್ದು ಬೇಡ, ಹುಳು ಹಿಡಿಯುತ್ತದೆ. ಎರಡು ವಾರದ್ದು ಸಾಕು, ಅದರಲ್ಲಿ ಒಲೆಯೇ ಬೇಡದ್ದು ನಾಲ್ಕು ದಿನಕ್ಕಾಗುವಷ್ಟು: ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಹುರಿಗಡಲೆ, ಚಟ್ನಿಪುಡಿ. ಪರದೇಶದವರು ಡಬ್ಬಿಯಲ್ಲಿ ತುಂಬಿ ಮಾರುವುದನ್ನು ನಮ್ಮ ಅಜ್ಜಿಯರು ಹುರಿಹಿಟ್ಟಿನ ರೂಪದಲ್ಲಿ ಡಬರಿಯಲ್ಲಿ ಇಟ್ಟಿದ್ದರು. ನೀರೋ ಹಾಲೋ ಬೆರೆಸಿದರೆ ಊಟ, ಮಗುವಿಗೂ ಆಗುತ್ತದೆ. ಹತ್ತು, ಇಪ್ಪತ್ತು, ಐವತ್ತರ ನೋಟುಗಳಲ್ಲಿ ಎರಡು ಮೂರು ಸಾವಿರ ರೂಪಾಯಿ ಇಡಿ. ಮೊಬೈಲ್ ಟವರ್ ಸತ್ತ ಮೇಲೆ ಅಂಗಡಿಯ ಕ್ಯೂಆರ್ ಕೋಡ್ ಬರೀ ಗೋಡೆಚಿತ್ರ. ಸೆಲ್ಲಿನ ಚಿಕ್ಕ ರೇಡಿಯೋ ಇದ್ದರೆ ಆಕಾಶವಾಣಿ ಕೇಳಬಹುದು.

ಅತ್ತೆಯವರ ಇನ್ಸುಲಿನ್ ಬಗ್ಗೆ ಭಯಪಡಬೇಡಿ. ನಮ್ಮ ಯಜಮಾನರದ್ದೂ ಅದೇ ಕತೆ. ತೆರೆದ ಬಾಟಲಿ ಫ್ರಿಜ್ ಇಲ್ಲದೆಯೂ ಸಾಮಾನ್ಯವಾಗಿ ನಾಲ್ಕು ವಾರ ಕೆಡುವುದಿಲ್ಲ, ಬಿಸಿಲು ಸೆಕೆ ತಾಗಬಾರದು ಅಷ್ಟೇ. ಅವರ ಔಷಧಿಯ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದಿರುವುದನ್ನು ಒಮ್ಮೆ ಓದಿಕೊಳ್ಳಿ. ಮಣ್ಣಿನ ಮಡಕೆಯ ಸುತ್ತ ಒದ್ದೆ ಬಟ್ಟೆ ಸುತ್ತಿ, ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಅದರೊಳಗೆ ಇಟ್ಟಿದ್ದೆ. ಒಂದು ತಿಂಗಳಿನದು ಸೂಜಿ ಸಮೇತ ಹೆಚ್ಚಿಗೆ ಇರಲಿ.

ನೀರು ಹೊಸ್ತಿಲಿಗೆ ಬರುವ ಮುಂಚೆಯೇ ಮೇನ್ ಸ್ವಿಚ್ ಆರಿಸಿ. ಆ ವಾರವೇ ವೈಟ್‌ಫೀಲ್ಡ್ ಹತ್ತಿರದ ಸಿದ್ದಾಪುರದಲ್ಲಿ ನೀರು ನಿಂತ ರಸ್ತೆಯಲ್ಲಿ ವಿದ್ಯುತ್ ಕಂಬ ಹಿಡಿದ ಯುವತಿಯೊಬ್ಬರು ತೀರಿಕೊಂಡರು. ಚರಂಡಿಯ ನೀರು ಮೊದಲು ಬರುವುದು ಬಾಗಿಲಿಂದಲ್ಲ, ಕಕ್ಕಸಿನ ಗುಂಡಿಯಿಂದ. ಅದರ ಮೇಲೆ ಒಂದು ಮರಳಿನ ಚೀಲ ಹೇರಿ.

ಇನ್ನು ಲೂಟಿ, ಆಯುಧ. ಎರಡನೆಯ ರಾತ್ರಿ ಯಾರದೋ ಮೊಬೈಲಿನಲ್ಲಿ ಉಳಿದಿದ್ದ ಚೂರು ಸಿಗ್ನಲಿಗೆ ಒಂದು ಸಂದೇಶ ಬಂತು: ಕಳ್ಳರ ಗುಂಪು ಖಾಲಿ ಮನೆಗಳಿಗೆ ನುಗ್ಗುತ್ತಿದೆ. ಬೀದಿಯ ಹುಡುಗರು ಕ್ರಿಕೆಟ್ ಬ್ಯಾಟ್ ಹಿಡಿದು ಟಾರ್ಚ್ ಬಿಟ್ಟುಕೊಂಡು ನಿಂತರು. ಹತ್ತು ಗಂಟೆಯ ಹೊತ್ತಿಗೆ ತಲೆಯ ಮೇಲೆ ಗಂಟು ಹೊತ್ತ ಇಬ್ಬರು ನೀರಿನಲ್ಲಿ ಬಂದರು. ಒಬ್ಬನ ಕೊರಳಪಟ್ಟಿಗೆ ಕೈ ಬಿತ್ತು. ಅವನು ಹಿಂದಿಯಲ್ಲಿ ಏನೋ ಹೇಳುತ್ತಿದ್ದ, ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಮೇಲಿನಿಂದ ನಮ್ಮ ಯಜಮಾನರು ‘ಅವನು ಕ್ಯಾನ್ ಹಾಕುವವನು ಕಣ್ರಯ್ಯಾ, ಬಿಡಿ’ ಎಂದು ಕೂಗಿದರು. ಗಂಟಿನಲ್ಲಿದ್ದದ್ದು ಅವರ ಶೆಡ್ಡಿನ ಒಣಬಟ್ಟೆ, ಆಧಾರ್ ಕಾರ್ಡು, ಒಂದು ಕುಕ್ಕರ್. ನಾಲ್ಕು ವರ್ಷದಿಂದ ನಮ್ಮ ಅಡುಗೆಮನೆಯವರೆಗೂ ಬಂದು ಕ್ಯಾನ್ ಇಳಿಸಿ ಹೋಗುತ್ತಿದ್ದವನ ಹೆಸರು ಆ ಹೊತ್ತಿನಲ್ಲಿ ನನಗೆ ಗೊತ್ತಿರಲಿಲ್ಲ.

ನನಗೆ ಈಗ ಕಳ್ಳರಿಗಿಂತ ಆ ಸಂದೇಶದ ಭಯ ಹೆಚ್ಚು. 1923ರಲ್ಲಿ ಟೋಕಿಯೋ ಸುತ್ತಮುತ್ತ ಮಹಾಭೂಕಂಪವಾದಾಗ, ಕೊರಿಯನ್ನರು ಬಾವಿಗಳಿಗೆ ವಿಷ ಹಾಕುತ್ತಿದ್ದಾರೆ ಎಂಬ ವದಂತಿ ಹಬ್ಬಿ ಸಾವಿರಾರು ಅಮಾಯಕರನ್ನು ಕೊಂದರು. ಅಷ್ಟು ದೂರ ಏಕೆ? 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ರೈಲು ಹತ್ತಲು ಇಲ್ಲಿನ ನಿಲ್ದಾಣದಲ್ಲಿ ಮುಗಿಬಿದ್ದಿದ್ದರು. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳನೆಂದು ಶಂಕಿಸಿ, ದುಡಿಯಲು ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಹೊಡೆದು ಸಾಯಿಸಿದರು. ಆಗ ಪ್ರವಾಹವೂ ಇರಲಿಲ್ಲ, ಕತ್ತಲೂ ಇರಲಿಲ್ಲ. ಅದೇ ವರ್ಷ ಕೇರಳದ ಪ್ರವಾಹದಲ್ಲಿ ಮೀನುಗಾರರು ತಾವಾಗಿಯೇ ದೋಣಿಗಳನ್ನು ಲಾರಿಗೇರಿಸಿಕೊಂಡು ಬಂದರು ಎನ್ನುವುದನ್ನೂ ಹೇಳಬೇಕು.

ಕಳ್ಳತನ ಆಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ನಮ್ಮ ಬೀದಿಯಲ್ಲೇ ಬೀಗ ಹಾಕಿ ಹೋಟೆಲಿಗೆ ಹೋದವರ ಮನೆಯಿಂದ ಯುಪಿಎಸ್ ಬ್ಯಾಟರಿ ಹೋಯಿತು. ಜನ ಉಳಿದಿದ್ದ ಒಂದು ಮನೆಯಿಂದಲೂ ಏನೂ ಹೋಗಲಿಲ್ಲ. ಹೊರಡುವುದಾದರೆ ಪಕ್ಕದವರಿಗೆ ಹೇಳಿ ಹೊರಡಿ. ಪತ್ರಗಳು, ಒಡವೆ ಚೀಲದಲ್ಲಿ ನಿಮ್ಮೊಡನೆ ಇರಲಿ. ಮಚ್ಚು ತೆಂಗಿನಕಾಯಿಗಷ್ಟೇ ಇರಲಿ. ಪೊಲೀಸರ 112, ಆಂಬುಲೆನ್ಸಿನ 108 ಇವುಗಳ ಜೊತೆ ಬೀದಿಯ ಹತ್ತು ಮನೆಯವರ ನಂಬರನ್ನು ಕಾಗದದ ಮೇಲೆ ಬರೆದಿಡಿ. ಕ್ಯಾನ್ ಹಾಕುವವನದ್ದು, ವಾಲ್ವ್ ತಿರುಗಿಸುವವನದ್ದು, ಪಕ್ಕದ ಕಟ್ಟಡದ ವಾಚ್‌ಮನ್‌ನದ್ದು ಸೇರಿಸಿ, ಹೆಸರು ಸಮೇತ.

ಗ್ರಿಲ್ ಹಾಕಿಸಿ, ಬೇಡವೆನ್ನುವುದಿಲ್ಲ, ಆದರೆ ಒಂದು ಕಿಟಕಿಯದ್ದಾದರೂ ಒಳಗಿನಿಂದ ತೆರೆಯುವಂತಿರಲಿ. ನಮ್ಮಿಂದ ಮೂರನೆಯ ಮನೆಯ ಅಜ್ಜಿಯದು ನೆಲಮಹಡಿ. ಮರದ ಬಾಗಿಲು ನೀರು ಕುಡಿದು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತು, ಕಿಟಕಿಗೆಲ್ಲ ಗಟ್ಟಿ ಗ್ರಿಲ್. ವೆಲ್ಡಿಂಗ್ ಅಂಗಡಿಯ ಹುಡುಗ ಸೊಂಟದುದ್ದ ನೀರಿನಲ್ಲಿ ನಿಂತು, ಕರೆಂಟ್ ಇಲ್ಲದೆ, ಗರಗಸದ ಬ್ಲೇಡಿನಿಂದ ಒಂದೊಂದೇ ಸರಳನ್ನು ಕೊಯ್ದ. ಒಂದೂವರೆ ಗಂಟೆ ಹಿಡಿಯಿತು. ಆರು ತಿಂಗಳ ಹಿಂದೆ ಅದನ್ನು ಕೂರಿಸಿದವನೂ ಅವನೇ. ‘ಇಷ್ಟು ಗಟ್ಟಿ ಯಾಕೆ ಮಾಡಿದೆಯೋ’ ಎಂದು ಅಜ್ಜಿ ಒಳಗಿನಿಂದ ಬೈಯುತ್ತಲೇ ಇದ್ದರು.