ಬಂದರಿನ ಕಮಿಷನರ್ ಆಗಲು ಹಡಗು ಗೊತ್ತಿರಬೇಕಾ?

ಪ್ರಶ್ನೆ: ನನ್ನೂರು ಸಾಗರ. ಬಹಳ ವರ್ಷದಿಂದ ಸಿಯಾಟಲ್ ಪಕ್ಕದ ಬೆಲ್ವ್ಯೂನಲ್ಲಿದ್ದೇನೆ. ಪೌರತ್ವ ಸಿಕ್ಕಿದ್ದು ಇತ್ತೀಚೆಗೆ. ಮನೆಗೆ ಬಂದ ಮೊದಲ ಮತಪತ್ರದಲ್ಲೇ ‘ಪೋರ್ಟ್ ಆಫ್ ಸಿಯಾಟಲ್ ಕಮಿಷನರ್’ ಅಂತ ಒಂದು ಹುದ್ದೆ ಇತ್ತು. ಬಂದರಿಗೂ ವೋಟು ಹಾಕಬೇಕಾ? ನಿಂತವರಲ್ಲಿ ಹಡಗಿನ ಗಂಧಗಾಳಿ ಇರುವವರು ಯಾರೂ ಕಾಣಲಿಲ್ಲ. ಇದಕ್ಕೆ ಅರ್ಹತೆ ಏನೂ ಬೇಡವೇ? ಹಿನ್ನೆಲೆ ನೋಡಿ ಆರಿಸುವುದಾದರೆ ಏನನ್ನು ನೋಡಬೇಕು?
— ಒಬ್ಬ ಓದುಗ, ಬೆಲ್ವ್ಯೂ

ಉತ್ತರ: ಖಂಡಿತ ಹಾಕಿ. ನಿಮ್ಮ ಮನೆಯ ಆಸ್ತಿ ತೆರಿಗೆ ಚೀಟಿ ಒಮ್ಮೆ ತೆಗೆದು ನೋಡಿ. ಶಾಲೆ, ಲೈಬ್ರರಿಗಳ ಜೊತೆಗೆ ಬಂದರಿನ ಹೆಸರಲ್ಲೂ ಒಂದು ಸಾಲು ಇರುತ್ತದೆ. ಊರಿಗೆ ಬರುವಾಗ ನೀವು ವಿಮಾನ ಹತ್ತುವ ಸೀಟ್ಯಾಕ್ ನಿಲ್ದಾಣವೂ ಇದೇ ಬಂದರಿನದು. ದುಡ್ಡು ನಿಮ್ಮದು, ಹಾಗಾಗಿ ವೋಟೂ ನಿಮ್ಮದು.

ಸಿಯಾಟಲ್, ಬೆಲ್ವ್ಯೂ ಎರಡೂ ಸೇರಿದ ಕಿಂಗ್ ಕೌಂಟಿಯ ಮತದಾರರೆಲ್ಲ ಸೇರಿ ಐದು ಜನ ಕಮಿಷನರುಗಳನ್ನು ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಚುನಾವಣೆ ಬೆಸ ಸಂಖ್ಯೆಯ ವರ್ಷಗಳಲ್ಲಿ, ಐದೂ ಸ್ಥಾನಕ್ಕೆ ಒಟ್ಟಿಗೇ ನಡೆಯುವುದಿಲ್ಲ. ಹೆಸರಿನ ಮುಂದೆ ಪಕ್ಷ ಇರುವುದಿಲ್ಲ, ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ಇದ್ದ ಹಾಗೆ. ನಿಲ್ಲುವವರು ಅಲ್ಲಿನ ನೋಂದಾಯಿತ ಮತದಾರರಾಗಿದ್ದರೆ ಸಾಕು. ಡಿಗ್ರಿ, ಲೈಸೆನ್ಸು, ಅನುಭವ ಯಾವುದೂ ಕಡ್ಡಾಯವಿಲ್ಲ. ಇದೇನಪ್ಪಾ ಹೀಗೆ ಅನ್ನಿಸುತ್ತದೆ, ಅಲ್ವಾ? ಇದು ಗೊತ್ತಿದ್ದೇ ಮಾಡಿದ ಏರ್ಪಾಡು.

ನೂರು ವರ್ಷದ ಹಿಂದೆ ಸಿಯಾಟಲ್ ದಡದ ಬಹುಪಾಲು ರೈಲ್ವೆ ಕಂಪನಿಗಳ ಹಿಡಿತದಲ್ಲಿತ್ತು. ಈಗ ಅಲಾಸ್ಕನ್ ವೇ ಎನ್ನುವ ರಸ್ತೆಗೆ ಆಗ ರೈಲ್ರೋಡ್ ಅವೆನ್ಯೂ ಅಂತಲೇ ಹೆಸರು. ಹಳಿ ದಾಟದೆ ಧಕ್ಕೆಗೆ ಹೋಗುವ ಹಾಗಿರಲಿಲ್ಲ. ದಡ ಜನರ ಕೈಗೆ ಬರಬೇಕು ಅಂತ ಹೋರಾಟ ನಡೆದು, 1911ರಲ್ಲಿ ರಾಜ್ಯದ ಶಾಸನಸಭೆ ಬಂದರು ಜಿಲ್ಲೆಗಳ, ಅಂದರೆ ಜನ ಆರಿಸಿದವರು ನಡೆಸುವ ಬಂದರು ಸಂಸ್ಥೆಗಳ, ಕಾನೂನು ಮಾಡಿತು. ಅದೇ ವರ್ಷ ಸೆಪ್ಟೆಂಬರ್ 5ರಂದು ಮತದಾರರು ಪೋರ್ಟ್ ಆಫ್ ಸಿಯಾಟಲ್‌ಗೆ ಒಪ್ಪಿಗೆ ಕೊಟ್ಟರು. (ಇಂಥ ಬಂದರು ಜಿಲ್ಲೆಗಳು ವಾಷಿಂಗ್ಟನ್ ರಾಜ್ಯದಲ್ಲಿ ಈಗ 75 ಇವೆ. ಕಡಲೇ ಕಾಣದ, ಗೋಧಿ ಬೆಳೆಯುವ ಒಳನಾಡಿನಲ್ಲೂ ಇವೆ!)

ಆ ಮೊದಲ ಮಂಡಳಿಯಲ್ಲಿ ಇದ್ದವರು ಮೂರೇ ಜನ. ಹೈರಮ್ ಚಿಟೆಂಡೆನ್ ಸೈನ್ಯದ ಎಂಜಿನಿಯರ್. ಯೆಲ್ಲೋಸ್ಟೋನ್‌ನಲ್ಲಿ ರಸ್ತೆ ಹಾಕಿಸಿದವರು, ತುಪ್ಪಳದ ವ್ಯಾಪಾರದ ಇತಿಹಾಸವನ್ನೂ ಬರೆದವರು. ಆರೋಗ್ಯ ಕೆಟ್ಟು ಸೈನ್ಯ ಬಿಟ್ಟ ಮೇಲೆ ಬಂದರಿಗೆ ಬಂದು ಮಂಡಳಿಯ ಅಧ್ಯಕ್ಷರಾದರು. ಬ್ಯಾಲರ್ಡ್‌ನಲ್ಲಿ ದೋಣಿಗಳನ್ನು ಏರಿಸಿ ಇಳಿಸುವುದನ್ನು ಮಕ್ಕಳಿಗೆ ತೋರಿಸಿರುತ್ತೀರಲ್ಲ, ಆ ಲಾಕ್‌ಗಳಿಗೆ ಇರುವುದು ಅವರದೇ ಹೆಸರು. ಎರಡನೆಯವರು ರಾಬರ್ಟ್ ಬ್ರಿಜಸ್. ಸ್ಕಾಟ್ಲೆಂಡ್‌ನಲ್ಲಿ ಹುಟ್ಟಿ, ಕಲ್ಲಿದ್ದಲ ಗಣಿಯಲ್ಲಿ ದುಡಿದು, ಆಮೇಲೆ ರಾಜ್ಯದ ಭೂ ಕಮಿಷನರ್ ಆದವರು. ಮೂರನೆಯವರಾದ ರೆಮ್ಸ್‌ಬರ್ಗ್, ಫ್ರೀಮಾಂಟ್ ಕಡೆಯ ಬ್ಯಾಂಕಿನವರು. ಸಿಪಾಯಿ, ಗಣಿ ಕಾರ್ಮಿಕ, ಸಾಹುಕಾರ: ಮೂವರಲ್ಲಿ ಒಬ್ಬರೂ ಹಡಗಿನವರಲ್ಲ. ಆದರೂ ಅವರು ಮೊದಲಿಗೆ ಕೈಹಾಕಿದ್ದು ಮೀನುಗಾರರ ಧಕ್ಕೆಗೆ. 1914ರಲ್ಲಿ ಶುರುವಾದ ಫಿಶರ್ಮೆನ್ಸ್ ಟರ್ಮಿನಲ್ ಇವತ್ತಿಗೂ ನಡೆಯುತ್ತಿದೆ.

ಹಡಗು ತಿಳಿದವರು ಬೇಡವೇ ಅಂದರೆ, ಬೇಕು. ಅವರನ್ನು ಕಮಿಷನರುಗಳು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಾರೆ. 2018ರಲ್ಲಿ ಕಾರ್ಯನಿರ್ವಾಹಕ ನಿರ್ದೇಶಕರಾಗಿ ಬಂದ ಸ್ಟೀಫನ್ ಮೆಟ್ರಕ್ ಅಮೆರಿಕದ ಕೋಸ್ಟ್ ಗಾರ್ಡ್‌ನ ನಿವೃತ್ತ ರಿಯರ್ ಅಡ್ಮಿರಲ್. ಕ್ರೇನು, ಹಡಗು ನಿಲ್ಲುವ ಬರ್ತು, ರನ್‌ವೇ ಎಲ್ಲ ನೋಡಿಕೊಳ್ಳುವುದು ಅವರ ಕೈಕೆಳಗಿನ ಸಿಬ್ಬಂದಿ. ಕಮಿಷನರುಗಳದು ಮನೆ ಯಜಮಾನಿಕೆ: ಯಾವುದಕ್ಕೆ ಖರ್ಚು, ಯಾರಿಗೆ ಗುತ್ತಿಗೆ, ಎಷ್ಟು ತೆರಿಗೆ. ಅವರಿಗೆ ಬೇಕಾದದ್ದು ಸರಿಯಾದ ಪ್ರಶ್ನೆ ಕೇಳುವ ಬುದ್ಧಿ. ಆ ಪ್ರಶ್ನೆ ಹುಟ್ಟುವುದು ಅವರು ಇಷ್ಟು ವರ್ಷ ಎಲ್ಲಿ ನಿಂತು ಬಂದರನ್ನು ನೋಡಿದ್ದಾರೆ ಅನ್ನುವುದರಿಂದ. ನಾನು ಪಣಂಬೂರಿನಲ್ಲಿ ಕ್ಲಿಯರಿಂಗ್ ಏಜೆಂಟರ ಬಳಿ ಕೆಲಸ ಮಾಡಿದವನು. ಆಫೀಸಿನಲ್ಲಿ ಕೂತವನಿಗೆ ಬಂದರು ಅಂದರೆ ಕಾಗದ ಪತ್ರ. ಗೇಟಿನ ಹೊರಗೆ ಲಾರಿಯಲ್ಲಿ ರಾತ್ರಿ ಕಳೆದವನಿಗೆ ಅದು ಬೇರೆಯೇ.

ಒಂದು ಉದಾಹರಣೆ ಕೊಡುತ್ತೇನೆ. 2015ರಲ್ಲಿ ಶೆಲ್ ಕಂಪನಿಯ, ಆರ್ಕ್ಟಿಕ್ ಕಡಲಿನಲ್ಲಿ ತೈಲ ಕೊರೆಯುವ ರಿಗ್ ಒಂದನ್ನು ಬಂದರಿನ ಟರ್ಮಿನಲ್ 5ರಲ್ಲಿ ನಿಲ್ಲಿಸಿಕೊಂಡರು. ಅದನ್ನು ವಿರೋಧಿಸಿ ಜನ ಸಣ್ಣ ಸಣ್ಣ ಕಯಾಕ್ ದೋಣಿಗಳಲ್ಲಿ ಹೋಗಿ ಸುತ್ತುವರಿದರು. ಅದೇ ವರ್ಷದ ನವೆಂಬರ್‌ನಲ್ಲಿ ಕಮಿಷನರ್ ಆಗಿ ಗೆದ್ದದ್ದು ಫ್ರೆಡ್ ಫೆಲ್ಮನ್, ಓರ್ಕಾ ತಿಮಿಂಗಿಲಗಳ ಮೇಲೆ ಅಧ್ಯಯನ ಮಾಡಿದ ಜೀವಶಾಸ್ತ್ರಜ್ಞ. ಆ ಹೊತ್ತಿಗೆ ಊರಿಗೆ ಅಂಥ ಕಣ್ಣು ಬೇಕಾಗಿತ್ತು. ಅವರ ಸುತ್ತ ಸೇರಿದವರನ್ನೂ ನೋಡಿ. ರಯಾನ್ ಕಾಲ್ಕಿನ್ಸ್ ಟೈಲ್ಸ್ ಆಮದು ಮಾಡುತ್ತಿದ್ದವರು. ಸ್ಯಾಮ್ ಚೋ ಕೊರಿಯಾಕ್ಕೆ ಮೊಟ್ಟೆ ರಫ್ತು ಮಾಡಿದವರು. 2021ರಲ್ಲಿ ಗೆದ್ದ ಹಮ್ದಿ ಮೊಹಮದ್ ಸೊಮಾಲಿಯಾದಿಂದ ಪುಟ್ಟ ವಯಸ್ಸಿನಲ್ಲಿ ನಿರಾಶ್ರಿತರಾಗಿ ಬಂದು, ವಿಮಾನ ನಿಲ್ದಾಣದ ಮಗ್ಗುಲಿನ ಸೀಟ್ಯಾಕ್ ಊರಿನಲ್ಲಿ ನೆಲೆಯಾದವರು. ತಲೆ ಮೇಲೆ ವಿಮಾನ ಹಾರುವ ಸದ್ದು ಏನೆಂದು ಅವರಿಗೆ ವರದಿ ಓದಿ ತಿಳಿಯಬೇಕಾಗಿಲ್ಲ.

ಈ ಪಟ್ಟಿಯಲ್ಲಿ ನನಗೆ ಕಾಣದೆ ಹೋದದ್ದು ಧಕ್ಕೆಯ ಕೂಲಿಯ ಕೈ. ಹಿಂದೆ ಜ್ಯಾಕ್ ಬ್ಲಾಕ್ ಇದ್ದರು. ಹಡಗಿಗೆ ಸರಕು ಏರಿಸಿ ಇಳಿಸುವ ಕಾರ್ಮಿಕರಾಗಿದ್ದವರು, ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಕಮಿಷನರ್ ಆಗಿದ್ದರು. ಅವರ ಹೆಸರಿನ ಪಾರ್ಕು ವೆಸ್ಟ್ ಸಿಯಾಟಲ್‌ನಲ್ಲಿ, ಅದೇ ಟರ್ಮಿನಲ್ 5ರ ಪಕ್ಕದಲ್ಲಿದೆ. ಭಾನುವಾರ ಹೋಗಿ ನಿಂತರೆ ಒಂದು ಕಡೆ ಕಂಟೇನರ್ ರಾಶಿ, ಇನ್ನೊಂದು ಕಡೆ ನೀರಿನಾಚೆ ಇಡೀ ಸಿಯಾಟಲ್.

ಇನ್ನು ಹಿನ್ನೆಲೆ ಎಲ್ಲಿ ನೋಡುವುದು? ಕೌಂಟಿ ಕೊಡುವ ಮತದಾರರ ಕೈಪಿಡಿಯಲ್ಲಿ ಪ್ರತಿಯೊಬ್ಬರ ಓದು, ಕೆಲಸ ಎಲ್ಲ ಇರುತ್ತದೆ. ಆದರೆ ಅದು ಅವರೇ ಬರೆದುಕೊಟ್ಟದ್ದು, ನಿಜವೋ ಸುಳ್ಳೋ ಅಂತ ಕಚೇರಿಯವರು ತಾಳೆ ನೋಡುವುದಿಲ್ಲ. ಮದುವೆ ಬಯೋಡೇಟಾ ಓದುವ ಹಾಗೆ ಓದಿ. ನಾನು ಜಾಸ್ತಿ ನಂಬುವುದು ರಾಜ್ಯದ ಪಬ್ಲಿಕ್ ಡಿಸ್‌ಕ್ಲೋಷರ್ ಕಮಿಷನ್ ಕಡತಗಳನ್ನು. ಅಭ್ಯರ್ಥಿಯ ಆದಾಯ ಎಲ್ಲಿಂದ, ಪಾಲು ಯಾವ ಕಂಪನಿಯಲ್ಲಿ, ಚುನಾವಣೆಗೆ ದುಡ್ಡು ಕೊಟ್ಟವರು ಯಾರು ಅನ್ನುವುದೆಲ್ಲ ಅಲ್ಲಿ ಸಿಗುತ್ತದೆ. ಬಂದರಿನಿಂದ ಜಾಗ ಗುತ್ತಿಗೆ ಪಡೆದವರ ಹೆಸರು ದಾನಿಗಳ ಪಟ್ಟಿಯಲ್ಲಿ ಕಂಡರೆ ಅದು ತಪ್ಪೇ ಅಂತಲ್ಲ. ಆದರೆ ಗುರುತು ಹಾಕಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ನವಮಂಗಳೂರು ಬಂದರಿಗೂ ಹೀಗೆ ಚುನಾವಣೆ ಇದೆಯಾ?
— ಸುರತ್ಕಲ್‌ನಿಂದ ಒಬ್ಬರು

ಉತ್ತರ: ಇಲ್ಲ. ಅದು ಕೇಂದ್ರ ಸರ್ಕಾರದ ಮೇಜರ್ ಪೋರ್ಟ್. 2021ರ ಕಾನೂನಿನ ಪ್ರಕಾರ ಮಂಡಳಿಯಲ್ಲಿ ಅಧ್ಯಕ್ಷರು, ಉಪಾಧ್ಯಕ್ಷರು, ರಾಜ್ಯ ಸರ್ಕಾರ, ರೈಲ್ವೆ, ರಕ್ಷಣೆ, ಕಸ್ಟಮ್ಸ್‌ನಿಂದ ತಲಾ ಒಬ್ಬರು, ಕೇಂದ್ರ ನೇಮಿಸುವ ಒಬ್ಬ ಅಧಿಕಾರಿ, ಕೆಲವು ಸ್ವತಂತ್ರ ಸದಸ್ಯರು, ಜೊತೆಗೆ ಬಂದರು ನೌಕರರ ಕಡೆಯಿಂದ ಇಬ್ಬರು ಇರುತ್ತಾರೆ. ಹಳೆಯ 1963ರ ಕಾನೂನಿನಲ್ಲಿ ಹಡಗು ಮಾಲೀಕರು, ಸರಕು ಕಳಿಸುವವರ ಜೊತೆಗೆ ಹಾಯಿಹಡಗುಗಳ ಮಾಲೀಕರ ಹಿತಕ್ಕೂ ಪ್ರತಿನಿಧಿ ಅಂತ ಹೆಸರಿಸಿದ್ದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮಂಜಿಯವರು. ಹೊಸ ಕಾನೂನಿನ ಪಟ್ಟಿಯಲ್ಲಿ ಆ ಮಾತು ಇಲ್ಲ.